ರೇಡಿಯೇಟರಿಗೆ ಅರಿಶಿನ ಹಾಕಿದರೆ ಲೀಕ್ ನಿಲ್ಲುತ್ತದೆಯೇ?

ಪ್ರಶ್ನೆ: ನಮ್ಮದು 2002ರ ಮಾರುತಿ 800. ವಾರಕ್ಕೆ ಅರ್ಧ ಲೀಟರ್ ನೀರು ಕುಡಿಯುತ್ತದೆ. ಮಳೆಗಾಲವಾದ್ದರಿಂದ ಅಂಗಳವೆಲ್ಲ ಒದ್ದೆ, ಗಾಡಿ ಕೆಳಗೆ ಬೀಳುವ ಹನಿ ಯಾವುದೆಂದು ಗೊತ್ತಾಗುತ್ತಿಲ್ಲ. ಸಂಪಾಜೆ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಎರಡು ಚಮಚ ಅರಿಶಿನ ಪುಡಿ ಹಾಕಿದರೆ ನಿಲ್ಲುತ್ತದೆ ಎನ್ನುತ್ತಾರೆ. ಹಾಕಬಹುದೇ?

ಉತ್ತರ: ಬೇಡ. ದಯವಿಟ್ಟು ಬೇಡ.

ಪ್ರತಿ ಮಳೆಗಾಲಕ್ಕೂ ಇದೇ ಪ್ರಶ್ನೆ ಬರುತ್ತದೆ. ಗಾಡಿ ಮಾತ್ರ ಬೇರೆ: ಒಮ್ಮೆ ಓಮ್ನಿ, ಒಮ್ಮೆ ಝೆನ್, ಒಮ್ಮೆ ತೋಟದ ಜೀಪು. ಚಮಚದ ಲೆಕ್ಕ ಎರಡರಿಂದ ಐದರವರೆಗೂ ಹೋಗುತ್ತದೆ. ಪ್ರತಿ ಸಲ ಚುಟುಕಾಗಿ ‘ಬೇಡ’ ಎಂದು ಬರೆದದ್ದು ಸಾಲಲಿಲ್ಲ ಅಂತ ಕಾಣುತ್ತದೆ. ಈ ಸಲ ಯಾಕೆ ಬೇಡ ಅನ್ನುವುದನ್ನು ಪೂರ್ತಿ ಹೇಳುತ್ತೇನೆ.

ಮೊದಲು ಒಪ್ಪಿಕೊಳ್ಳಬೇಕಾದದ್ದು: ಅರಿಶಿನ ಕೆಲವೊಮ್ಮೆ ಕೆಲಸ ಮಾಡುತ್ತದೆ. ಅರಿಶಿನ ಗೆಡ್ಡೆಯಲ್ಲಿ ಹೆಚ್ಚಿನ ಪಾಲು ಪಿಷ್ಟ. ಬಿಸಿ ನೀರಿನಲ್ಲಿ ಅದು ಉಬ್ಬಿ ಗಂಜಿಯಂತೆ ಅಂಟಾಗುತ್ತದೆ. ರೇಡಿಯೇಟರಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೆ ನೀರಿನ ಜೊತೆ ಅಲ್ಲಿಗೆ ಹೋದ ಪುಡಿ ಸಿಕ್ಕಿಕೊಂಡು, ಹೊರಗಿನ ಗಾಳಿಗೆ ಒಣಗಿ, ಸ್ವಲ್ಪ ಹೊತ್ತು ಬಿರಡೆಯಾಗುತ್ತದೆ. ಹಿಂದೆ ಘಾಟಿಯ ನಡುವೆ ಕೆಟ್ಟು ನಿಂತ ಲಾರಿಯವರು ಊರು ತಲುಪಲು ಮಾಡಿಕೊಂಡ ಉಪಾಯ ಇದು. ಅವರಿಗೆ ಬೇಕಿದ್ದದ್ದು ಇಪ್ಪತ್ತು ಮೂವತ್ತು ಕಿಲೋಮೀಟರ್. ನೀವು ಕೇಳುತ್ತಿರುವುದು ವರ್ಷಗಟ್ಟಲೆ ಓಡಿಸುವ ಗಾಡಿಯ ರಿಪೇರಿ.

ಇನ್ನು, ‘ನಾನೇ ಕಣ್ಣಾರೆ ನೋಡಿದ್ದೇನೆ, ಬೆಳಿಗ್ಗೆ ಹಾಕಿದೆ, ಮಧ್ಯಾಹ್ನಕ್ಕೆ ಲೀಕ್ ನಿಂತಿತು’ ಅನ್ನುವವರಿಗೆ ಒಂದು ಮಾತು. ಹಳೆ ಗಾಡಿಯಲ್ಲಿ ತಣ್ಣಗಿರುವಾಗ ಮಾತ್ರ ಸೋರುವ ಲೀಕ್ ಬಹಳ ಸಾಮಾನ್ಯ. ಡಿಸೆಂಬರ್ ಬೆಳಗಿನ ಮಡಿಕೇರಿ ಚಳಿಗೆ ಹೋಸಿನ ರಬ್ಬರು, ಅದು ಕೂರುವ ಲೋಹದ ಮೂತಿ ಎರಡೂ ಕುಗ್ಗುತ್ತವೆ. ಗಟ್ಟಿಯಾದ ಹಳೆ ರಬ್ಬರು ಮತ್ತು ಸಡಿಲ ಕ್ಲಿಪ್ಪಿನ ನಡುವೆ ಕೂದಲೆಳೆಯಷ್ಟು ಸಂದು ಬಿಡುತ್ತದೆ, ಅಲ್ಲಿಂದ ಹನಿ ಬೀಳುತ್ತದೆ. ಎಂಜಿನ್ ಬಿಸಿಯಾದೊಡನೆ ರಬ್ಬರು ಹಿಗ್ಗಿ ಸಂದು ಮುಚ್ಚುತ್ತದೆ. ಅರಿಶಿನ ಹಾಕದಿದ್ದರೂ ಮಧ್ಯಾಹ್ನಕ್ಕೆ ಅದು ನಿಲ್ಲುತ್ತಿತ್ತು. ಮಾರನೇ ದಿನ ಬೆಳಿಗ್ಗೆ ಮತ್ತೆ ಸೋರುತ್ತದೆ, ಆಗ ಇನ್ನೆರಡು ಚಮಚ ಬೀಳುತ್ತದೆ. ಮೂಲ ಕಾರಣ ಎರಡು ಸುತ್ತು ಬಿಗಿ ಬೇಡುತ್ತಿದ್ದ ಕ್ಲಿಪ್ಪು.

ಪುಡಿಗೆ ತೂತು ಯಾವುದು, ದಾರಿ ಯಾವುದು ಎಂದು ಗೊತ್ತಿಲ್ಲ. ರೇಡಿಯೇಟರಿನ ಕೊಳವೆಗಳು ಚಪ್ಪಟೆ, ಒಳಗಿನ ಸಂದು ಒಂದೆರಡು ಮಿಲಿಮೀಟರ್ ಅಷ್ಟೇ. ಇಪ್ಪತ್ತು ವರ್ಷದ ಗಾಡಿಯಲ್ಲಿ ಅವು ಆಗಲೇ ತುಕ್ಕಿನಿಂದ ಅರ್ಧ ಕಟ್ಟಿರುತ್ತವೆ. ಅಂಟಾದ ಪುಡಿ ನೀರು ನಿಧಾನವಾಗಿ ಹರಿಯುವ ಕಡೆ ಕೂರುತ್ತದೆ. ಅಂದರೆ ರೇಡಿಯೇಟರಿನ ತಳ, ಹೀಟರಿನ ಸಣ್ಣ ಕೊಳವೆ, ಥರ್ಮೋಸ್ಟಾಟಿನ (ನೀರು ಬಿಸಿಯಾದ ಮೇಲೆ ರೇಡಿಯೇಟರಿನ ದಾರಿ ತೆರೆಯುವ ಕವಾಟ) ಸುತ್ತ. ಸೋರಿಕೆಯೇನೋ ನಿಂತಿತು, ಆದರೆ ಘಾಟಿಯಲ್ಲಿ ಮುಳ್ಳು ಮೊದಲಿಗಿಂತ ಬೇಗ ಏರುತ್ತದೆ. ವಾರಗಟ್ಟಲೆ ಗಾಡಿ ನಿಂತರೆ ಒಳಗಿರುವುದು ಸಾಂಬಾರು ಪದಾರ್ಥವಾದ್ದರಿಂದ ಕೊಳೆಯುತ್ತದೆ ಕೂಡ.

ಹೆಚ್ಚು ಜನಕ್ಕೆ ತಿಳಿಯದ ಇನ್ನೊಂದು ಸಂಗತಿ ಬಣ್ಣದ್ದು. ಅರಿಶಿನದ ನೀರಿಗೆ ಸುಣ್ಣ ಬೆರೆಸಿದರೆ ಆರತಿ ತಟ್ಟೆಯ ಕೆಂಪು ನೀರಾಗುತ್ತದೆ, ಅದು ಎಲ್ಲರ ಮನೆಯಲ್ಲೂ ಗೊತ್ತು. ಸುಣ್ಣ ಕ್ಷಾರ. ತುಕ್ಕು ತಡೆಯಲೆಂದು ಕೂಲಂಟನ್ನೂ (ರೇಡಿಯೇಟರಿನ ನೀರಿಗೆ ಬೆರೆಸುವ ದ್ರವ) ಕ್ಷಾರೀಯವಾಗಿಯೇ ಮಾಡಿರುತ್ತಾರೆ. ಕೂಲಂಟ್ ಇರುವ ಗಾಡಿಗೆ ಅರಿಶಿನ ಹಾಕಿದರೆ ಒಳಗಿನ ನೀರು ಕೆಂಪು ಕಂದಾಗಬಹುದು. ಆಮೇಲೆ ಮುಚ್ಚಳ ತೆಗೆದು ನೋಡುವ ಮೆಕ್ಯಾನಿಕ್ಕಿಗೆ ಅದು ತುಕ್ಕೋ ಅರಿಶಿನವೋ ತಿಳಿಯುವುದಿಲ್ಲ. ರೋಗ ಪತ್ತೆಗೆ ಇದ್ದ ಒಂದು ಗುರುತನ್ನೂ ಕಳೆದುಕೊಂಡಿರಿ. ಕಾಳುಮೆಣಸಿನ ಪುಡಿ, ಮೊಟ್ಟೆಯ ಬಿಳಿ, ಅಂಗಡಿಯಲ್ಲಿ ಸಿಗುವ ಲೀಕ್ ನಿಲ್ಲಿಸುವ ಬಾಟಲಿ ಎಲ್ಲಕ್ಕೂ ‘ಬೇಡ’ ಅನ್ನುವ ಮಾತೇ ಅನ್ವಯಿಸುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ಲೀಕ್ ರೇಡಿಯೇಟರಿನದ್ದೇ ಅಂತ ಯಾರು ಹೇಳಿದರು? ವಾಟರ್ ಪಂಪಿನ ಸೀಲು, ಸೀಳಿದ ಹೋಸು, ಸವೆದ ಮುಚ್ಚಳ, ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್‌ಗೂ ನಡುವಿನ ಪದರ), ಇವುಗಳಲ್ಲಿ ಯಾವುದನ್ನೂ ಅರಿಶಿನ ಮುಚ್ಚುವುದಿಲ್ಲ. ಈಗಾಗಲೇ ಹಾಕಿದ್ದರೆ ನೀರನ್ನು ಪೂರ್ತಿ ಬಸಿದು, ಎರಡೂ ಹೋಸ್ ಬಿಚ್ಚಿ, ರೇಡಿಯೇಟರಿಗೆ ಕೆಳಗಿನ ಮೂತಿಯಿಂದ ಪೈಪು ಹಿಡಿದು ಮೇಲಿನಿಂದ ತಿಳಿನೀರು ಬರುವವರೆಗೆ ತೊಳೆಸಿ. ಎಂಜಿನ್ ಕಡೆ ತೊಳೆಯುವಾಗ ಥರ್ಮೋಸ್ಟಾಟ್ ಬಿಚ್ಚಿಡಬೇಕು, ಆಮೇಲೆ ಮರೆಯದೆ ಮತ್ತೆ ಕೂರಿಸಬೇಕು.

ಈಗ ಹುಡುಕುವ ಕೆಲಸ. ಗಾಡಿಯನ್ನು ಸಂಜೆ ಮಳೆ ಬೀಳದ ಶೆಡ್ಡಿನಲ್ಲಿ, ಒಣ ನೆಲದ ಮೇಲೆ ನಿಲ್ಲಿಸಿ. ಕೆಳಗೆ ಅಗಲವಾದ ರಟ್ಟು ಹಾಸಿ, ಮುಂದಿನ ಎರಡು ಚಕ್ರ ಎಲ್ಲಿ ಬಂದವೆಂದು ರಟ್ಟಿನ ಮೇಲೆ ಗುರುತು ಹಾಕಿ. ಬೆಳಿಗ್ಗೆ ಕಲೆ ಎಲ್ಲಿದೆ ನೋಡಿದರೆ ಹುಡುಕಾಟ ಅರ್ಧ ಮುಗಿದಂತೆ. ಕೂಲಂಟ್ ಬೆರಳಿಗೆ ಜಾರು ಜಾರಾಗಿ ಸಿಗುತ್ತದೆ, ಸಿಹಿ ವಾಸನೆ ಬರುತ್ತದೆ. ಎಸಿ ನೀರು, ಮಳೆ ನೀರು ಹಾಗಲ್ಲ. ನಾಲಿಗೆಗೆ ಮಾತ್ರ ಇಡಬೇಡಿ, ಕೂಲಂಟ್ ವಿಷ. ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಮುಚ್ಚಳ ತೆಗೆದು ರೇಡಿಯೇಟರ್ ಅಂಚಿನವರೆಗೆ ತುಂಬಿಸಿ, ಪಕ್ಕದ ಪ್ಲಾಸ್ಟಿಕ್ ಬಾಟಲಿಯ ಮಟ್ಟಕ್ಕೆ ಪೆನ್ನಿನಲ್ಲಿ ಗೆರೆ ಎಳೆಯಿರಿ. ಬಿಸಿ ಇರುವಾಗ ಮುಚ್ಚಳ ತಿರುಗಿಸಿ ಮುಖ ಸುಟ್ಟುಕೊಂಡವರಿದ್ದಾರೆ.

ಆಮೇಲೆ ಟಾರ್ಚ್ ಹಿಡಿದು ಒಣಗಿದ ಕಲೆ ಹುಡುಕಿ. ಬಿಸಿ ಲೋಹದ ಮೇಲೆ ಬಿದ್ದ ಹನಿ ನೆಲ ಮುಟ್ಟುವ ಮೊದಲೇ ಆವಿಯಾಗಿ ಹಸಿರು, ಗುಲಾಬಿ ಅಥವಾ ಬಿಳಿ ಪುಡಿ ಬಿಟ್ಟು ಹೋಗುತ್ತದೆ. ಬರೀ ನೀರು ಹಾಕಿದ ಗಾಡಿಯಲ್ಲಿ ಅದು ತುಕ್ಕಿನ ಗೆರೆ. ಹೋಸಿನ ತುದಿಗಳು, ರೇಡಿಯೇಟರಿನ ತೊಟ್ಟಿ ಮತ್ತು ಕೊಳವೆ ಸೇರುವ ಅಂಚು, ವಾಟರ್ ಪಂಪಿನ ಕೆಳಗಿನ ಸಣ್ಣ ತೂತು, ಬ್ಲಾಕಿನ ಪಕ್ಕದ ದುಂಡು ಕೋರ್ ಪ್ಲಗ್ಗುಗಳು (ತೂತು ಮುಚ್ಚಿದ ಲೋಹದ ಬಿಲ್ಲೆಗಳು), ಇಷ್ಟು ಕಡೆ ನೋಡಿ. ಪಂಪಿನ ಆ ತೂತನ್ನು ಎಂ-ಸೀಲ್ ಮೆತ್ತಿ ಮುಚ್ಚುವವರಿದ್ದಾರೆ. ಅದು ಇರುವುದೇ ಸೀಲು ಹೋಗಿದೆ ಎಂದು ತಿಳಿಸಲಿಕ್ಕೆ. ಮುಚ್ಚಿದರೆ ನೀರು ಬೇರಿಂಗಿಗೆ ನುಗ್ಗುತ್ತದೆ. ಹೀಟರ್ ಇರುವ ಗಾಡಿಯಾದರೆ ಡ್ಯಾಶ್‌ಬೋರ್ಡ್ ಕೆಳಗಿನ ಮ್ಯಾಟ್ ಎತ್ತಿ ನೋಡಿ. ನಮ್ಮಲ್ಲಿ ಗಾಜಿನ ಮೇಲೆ ಮಂಜು ಕಟ್ಟುವುದು ದಿನದ ಮಾತಾದ್ದರಿಂದ ಹೀಟರ್ ಸೋರುವುದು ತಿಂಗಳುಗಟ್ಟಲೆ ಗೊತ್ತಾಗುವುದಿಲ್ಲ. ಒರೆಸಿದಾಗ ಗಾಜು ಎಣ್ಣೆ ಸವರಿದಂತೆ ಜಿಡ್ಡಾದರೆ ಅದು ಕೂಲಂಟಿನ ಆವಿ.

ಕಣ್ಣಿಗೆ ಏನೂ ಸಿಗದಿದ್ದರೆ ಪ್ರೆಶರ್ ಟೆಸ್ಟ್ ಮಾಡಿಸಿ. ರೇಡಿಯೇಟರಿನ ಬಾಯಿಗೆ ಕೈಪಂಪು ಕೂರಿಸಿ, ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಕೊಡಬೇಕು. ‘0.9’ ಎಂದಿದ್ದರೆ ಸುಮಾರು 13 ಪಿಎಸ್‌ಐ. ಹದಿನೈದು ನಿಮಿಷ ಮುಳ್ಳು ಇಳಿಯದೆ ನಿಲ್ಲಬೇಕು. ಇಳಿದರೆ ಲೀಕ್ ಎಲ್ಲೋ ಇದೆ, ಎಂಜಿನ್ ನಿಂತಿರುವುದರಿಂದ ಧೈರ್ಯವಾಗಿ ಕೈಹಾಕಿ ಹುಡುಕಬಹುದು. ಇನ್ನೂ ಹೆಚ್ಚು ಪಂಪು ಮಾಡಿದರೆ ಹಳೆ ರೇಡಿಯೇಟರಿಗೆ ಹೊಸ ಲೀಕ್ ಮಾಡಿಕೊಟ್ಟಂತೆ.

ಮುಚ್ಚಳದ ವಿಷಯ ಕೊಡಗಿನವರು ವಿಶೇಷವಾಗಿ ತಿಳಿದಿರಬೇಕು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಗಲ್ಲ, 96ರ ಆಸುಪಾಸಿಗೇ ಕುದಿಯುತ್ತದೆ. ಥರ್ಮೋಸ್ಟಾಟ್ ತೆರೆಯಲು ಶುರುವಾಗುವುದೇ ಸುಮಾರು 82ಕ್ಕೆ, ಫ್ಯಾನ್ ತಿರುಗುವುದು 90 ದಾಟಿದ ಮೇಲೆ. ಒಳ್ಳೆಯ ಮುಚ್ಚಳ 0.9 ಒತ್ತಡ ಹಿಡಿದುಕೊಂಡರೆ ಅದೇ ಮಡಿಕೇರಿಯಲ್ಲಿ ಬರೀ ನೀರು ಕೂಡ 116 ಡಿಗ್ರಿ ಹತ್ತಿರದವರೆಗೆ ಕುದಿಯುವುದಿಲ್ಲ. ಮುಚ್ಚಳದ ರಬ್ಬರು ಸೆಟೆದು ಒತ್ತಡ ಬಿಟ್ಟರೆ ಆ ಇಪ್ಪತ್ತು ಡಿಗ್ರಿಯ ರಕ್ಷಣೆ ಹೋಯಿತು. ಘಾಟಿಯಲ್ಲಿ ಎರಡನೇ ಗೇರಿನಲ್ಲಿ ಎಂಜಿನ್ ದುಡಿಯುತ್ತಿರುತ್ತದೆ, ಗಾಳಿ ಕಡಿಮೆ. ನೀರು ಕುದಿದು ಬಾಟಲಿಗೆ ಹೋಗಿ, ಅಲ್ಲಿಂದ ಹೊರಗೆ ಚೆಲ್ಲುತ್ತದೆ. ಕೆಳಗೆ ಹನಿ ಇಲ್ಲ, ನೀರು ಮಾತ್ರ ಮಾಯ. ನೀವು ಬರೆದದ್ದು ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಆದ್ದರಿಂದ ಎಲ್ಲಕ್ಕಿಂತ ಮೊದಲು, ಅದೇ ಸಂಖ್ಯೆಯ ಹೊಸ ಮುಚ್ಚಳ ಹಾಕಿ ಒಂದು ವಾರ ಓಡಿಸಿ ನೋಡಿ. ತೋಟದ ರಸ್ತೆಯ ಕೆಸರು ರೇಡಿಯೇಟರಿನ ರೆಕ್ಕೆಗಳ ನಡುವೆ ಕೂತಿದ್ದರೆ ಅದನ್ನೂ ಹಿಂದಿನಿಂದ ಮುಂದಕ್ಕೆ, ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ.

ಹೊರಗೆ ಎಲ್ಲೂ ಲೀಕ್ ಇಲ್ಲ, ಮುಚ್ಚಳವೂ ಹೊಸದು, ಆದರೂ ನೀರು ಹೋಗುತ್ತಿದೆ ಅಂದರೆ ಹೆಡ್ ಗ್ಯಾಸ್ಕೆಟ್ ಅನುಮಾನಿಸಬೇಕು. ಇಲ್ಲಿ ಎರಡು ಸಲ ಯೋಚಿಸಿ. ಚಳಿಗಾಲದ ಬೆಳಿಗ್ಗೆ ಸೈಲೆನ್ಸರಿನಿಂದ ಬಿಳಿ ಹಬೆ ಬರುವುದು ಸಹಜ. ಎಂಜಿನ್ ಬಿಸಿಯಾಗಿ ಹತ್ತು ಹದಿನೈದು ನಿಮಿಷವಾದರೂ ನಿಲ್ಲದೆ, ಸಿಹಿ ವಾಸನೆ ಬಂದರೆ ಮಾತ್ರ ಚಿಂತೆ. ಆಯಿಲ್ ಹಾಕುವ ಮುಚ್ಚಳದ ಒಳಗೆ ಮಾತ್ರ ಹಾಲಿನ ಕೆನೆಯಂಥದ್ದು ಕಂಡರೂ ಕೂಡಲೇ ಹೆದರಬೇಡಿ. ಬರೀ ಪೇಟೆಗೆ ಹೋಗಿ ಬರುವ ಗಾಡಿಯಲ್ಲಿ ತೇವಕ್ಕೆ ಅದು ಆಗುತ್ತದೆ. ಡಿಪ್‌ಸ್ಟಿಕ್ಕಿನಲ್ಲೂ ಕೆನೆ ಬಂದರೆ ನೀರು ಆಯಿಲಿಗೆ ಸೇರಿದೆ, ಓಡಿಸಬೇಡಿ. ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸು ಕಲ್ಲಿನಂತಾದರೆ, ರೇಡಿಯೇಟರ್ ಬಾಯಲ್ಲಿ ಗುಳ್ಳೆ ನಿಲ್ಲದೆ ಬಂದರೆ, ಸಿಲಿಂಡರಿನ ಗ್ಯಾಸು ನೀರಿಗೆ ನುಗ್ಗುತ್ತಿದೆ. ಖಚಿತಪಡಿಸಿಕೊಳ್ಳಲು ನೀಲಿ ದ್ರವದ ಪರೀಕ್ಷೆ ಇದೆ: ರೇಡಿಯೇಟರಿನ ಗಾಳಿಯನ್ನು ಅದರ ಮೂಲಕ ಹಾಯಿಸಿದಾಗ ನೀಲಿ ಹಳದಿಗೆ ತಿರುಗಿದರೆ ಹೆಡ್ ಬಿಚ್ಚಲೇಬೇಕು.

ರಿಪೇರಿಗೆ ಬಂದರೆ, ಹೋಸು ಎಲ್ಲಕ್ಕಿಂತ ಸುಲಭ. ಅಂಟಿಕೊಂಡ ಹಳೆ ಹೋಸನ್ನು ಸ್ಕ್ರೂಡ್ರೈವರ್ ತುರುಕಿ ಎಬ್ಬಿಸಬೇಡಿ, ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೆಗೆಯಿರಿ, ಮೂತಿಗೆ ಗೀರು ಬೀಳದಂತೆ. ಮೂತಿಯ ತುಕ್ಕನ್ನು ನಯವಾದ ಎಮರಿ ಹಾಳೆಯಿಂದ ಉಜ್ಜಿ. ಕ್ಲಿಪ್ಪು ಮೂತಿಯ ಉಬ್ಬಿದ ಅಂಚಿನ ಹಿಂದೆ ಕೂರಬೇಕು, ಅಂಚಿನ ಮೇಲಲ್ಲ. ಒಂದು ಹೋಸ್ ಹೋಗಿದ್ದರೆ ಅದರ ಜೊತೆಯದ್ದನ್ನೂ ಬದಲಿಸಿ, ಎರಡಕ್ಕೂ ಒಂದೇ ವಯಸ್ಸು. ಸೈಕಲ್ ಟ್ಯೂಬು ಸುತ್ತುವುದು ಮನೆ ತಲುಪುವವರೆಗೆ ಮಾತ್ರ. ತಾಮ್ರ ಹಿತ್ತಾಳೆಯ ರೇಡಿಯೇಟರಿಗೆ ಬೆಸುಗೆ ಚೆನ್ನಾಗಿ ಹಿಡಿಯುತ್ತದೆ. ಅಲ್ಯೂಮಿನಿಯಂ ರೇಡಿಯೇಟರಿನ ಪ್ಲಾಸ್ಟಿಕ್ ತೊಟ್ಟಿ ಬಿರುಕು ಬಿಟ್ಟರೆ ಬದಲಿಸುವುದೇ ಲೇಸು. ವಾಟರ್ ಪಂಪಿಗೆ ಟೈಮಿಂಗ್ ಬೆಲ್ಟ್ ಬಿಚ್ಚಬೇಕಾಗಿ ಬಂದರೆ ಬೆಲ್ಟನ್ನೂ ಹೊಸದು ಹಾಕಿಸಿ. ಹೆಡ್ ಇಳಿಸಿದರೆ ನೇರ ಪಟ್ಟಿ, ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಇಟ್ಟು ಸೊಟ್ಟಗಾಗಿದೆಯೇ ನೋಡದೆ ಹೊಸ ಗ್ಯಾಸ್ಕೆಟ್ ಹಾಕಬಾರದು. ಚಿಕ್ಕ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 0.05 ಮಿಲಿಮೀಟರ್ ದಾಟಿದರೆ ಫೇಸಿಂಗ್ (ಮೇಲ್ಮೈಯನ್ನು ಅರೆದು ಸಮ ಮಾಡಿಸುವುದು) ಬೇಕು. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ, ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು.

ತುಂಬಿಸುವಾಗ ಒಳಗೆ ಗಾಳಿ ಉಳಿದರೆ ಇಷ್ಟೆಲ್ಲ ಮಾಡಿಯೂ ಮುಳ್ಳು ಏರುತ್ತದೆ. ಅದಕ್ಕೆ ನಮ್ಮ ಅಂಗಳಗಳೇ ಅನುಕೂಲ: ಗಾಡಿಯ ಮೂತಿ ಏರಿನ ಕಡೆ ಇರುವಂತೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಹೀಟರ್ ಇದ್ದರೆ ಪೂರ್ತಿ ಬಿಸಿಗೆ ತಿರುಗಿಸಿ. ತಣ್ಣನೆ ಎಂಜಿನ್ನಿಗೆ ನಿಧಾನವಾಗಿ ಸುರಿಯುತ್ತಾ ಮೇಲಿನ ಹೋಸನ್ನು ಕೈಯಲ್ಲಿ ಹಿಸುಕಿ. ಮುಚ್ಚಳ ತೆರೆದೇ ಸ್ಟಾರ್ಟ್ ಮಾಡಿ, ಥರ್ಮೋಸ್ಟಾಟ್ ತೆರೆದಾಗ ಮಟ್ಟ ಇಳಿಯುತ್ತದೆ, ಆಗ ಮತ್ತೆ ತುಂಬಿಸಿ ಮುಚ್ಚಿ. ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ಬಿಡಿ. ಮಾರನೇ ಬೆಳಿಗ್ಗೆ ಮಟ್ಟ ಮತ್ತೊಮ್ಮೆ ನೋಡಿ.

ಯಾರೂ ನೇರವಾಗಿ ಕೇಳುವುದಿಲ್ಲ, ಆದರೆ ಈ ಪ್ರಶ್ನೆಗಳ ಹಿಂದೆ ಇನ್ನೊಂದು ಪ್ರಶ್ನೆ ಅಡಗಿದೆ: ‘ನಮ್ಮದು ತಂಪು ಊರು, ಬಾವಿ ನೀರು ಕನ್ನಡಿಯಂತಿದೆ, ಕೂಲಂಟ್ ಯಾಕೆ?’ ಕೊಡಗಿನಲ್ಲಿ ರೇಡಿಯೇಟರ್ ಹೆಪ್ಪುಗಟ್ಟುವುದಿಲ್ಲ, ನಿಜ. ಕೂಲಂಟ್ ಬೇಕಿರುವುದು ತುಕ್ಕು ತಡೆಯಲಿಕ್ಕೆ. ಎಂಜಿನ್ನಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ, ತಾಮ್ರ ಮೂರೂ ಒಂದೇ ಬಿಸಿ ನೀರಿನಲ್ಲಿ ಮುಳುಗಿರುತ್ತವೆ. ಅಂಥ ಕಡೆ ಒಂದು ಲೋಹ ಇನ್ನೊಂದಕ್ಕಾಗಿ ಸವೆಯುತ್ತದೆ, ಬ್ಯಾಟರಿಯೊಳಗೆ ಆಗುವ ಹಾಗೆ. ಕಣ್ಣಿಗೆ ತಿಳಿಯಾಗಿ ಕಾಣುವ ನೀರಿನಲ್ಲೂ ಲವಣ, ಆಮ್ಲಜನಕ ಇದ್ದೇ ಇರುತ್ತವೆ. ಇವತ್ತು ನೀವು ಅರಿಶಿನ ಹಾಕಲು ಹೊರಟ ತೂತು ಹಿಂದೆ ಹತ್ತು ವರ್ಷ ಹಾಕಿದ ಬಾವಿ ನೀರು ಕೊರೆದದ್ದಾಗಿರಬಹುದು. ‘ಕೂಲಂಟ್ ಹಾಕಿದ ಮೇಲೆಯೇ ಸೋರಲು ಶುರುವಾಯಿತು’ ಅನ್ನುವುದರಲ್ಲೂ ಸ್ವಲ್ಪ ಸತ್ಯವಿದೆ: ತೂತಿಗೆ ಅಡ್ಡ ಕೂತಿದ್ದ ತುಕ್ಕಿನ ಹೊಪ್ಪಳೆ ಕಳಚಿರುತ್ತದೆ. ತೂತು ಮೊದಲೇ ಇತ್ತು.

ಮಾರುತಿ 800ಕ್ಕೆ ಒಟ್ಟು ಸುಮಾರು ಮೂರೂವರೆ ಲೀಟರ್ ಹಿಡಿಯುತ್ತದೆ. ಗಟ್ಟಿ ಕೂಲಂಟ್ ತಂದರೆ 1.2 ಲೀಟರ್ ಅದು, 2.3 ಲೀಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ಮೊದಲೇ ಬೆರೆಸಿ ಬರುವ ಡಬ್ಬಿಯಾದರೆ ಮತ್ತೆ ನೀರು ಬೆರೆಸಬೇಡಿ. ದಾರಿಗೆ ಐದು ಲೀಟರ್ ಕ್ಯಾನ್ ಇಟ್ಟುಕೊಳ್ಳಿ. ಘಾಟಿಯಲ್ಲಿ ಮುಳ್ಳು ಕೆಂಪು ಮುಟ್ಟಿದರೆ ಬದಿಗೆ ನಿಲ್ಲಿಸಿ ಕನಿಷ್ಠ ಮುಕ್ಕಾಲು ಗಂಟೆ ಕಾಯಿರಿ. ಪಕ್ಕದ ತೋಡಿನ ತಣ್ಣೀರನ್ನು ಕಾದ ಎಂಜಿನ್ನಿಗೆ ಸುರಿದರೆ ಹೆಡ್ ಬಿರುಕು ಬಿಡಬಹುದು.

ಬಸಿದ ಹಳೆ ಕೂಲಂಟನ್ನು ಬಟ್ಟಲಲ್ಲಿ ತೆರೆದಿಟ್ಟು ಒಳಗೆ ಹೋಗಬೇಡಿ. ಸಿಹಿಯಾಗಿರುವುದರಿಂದ ನಾಯಿ ನೆಕ್ಕುತ್ತದೆ, ಸ್ವಲ್ಪವೇ ಸಾಕು ಅದರ ಕಿಡ್ನಿ ಹಾಳಾಗಲು. ಬಿಗಿ ಮುಚ್ಚಳದ ಕ್ಯಾನಿಗೆ ತುಂಬಿ, ಹಳೆ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿನಲ್ಲಿ ಕೇಳಿ ಪ್ರತ್ಯೇಕವಾಗಿ ಕೊಡಿ. ತೋಡಿಗಾಗಲಿ ಕಾಫಿ ಗಿಡದ ಬುಡಕ್ಕಾಗಲಿ ಚೆಲ್ಲಬೇಡಿ.