ಗ್ರೇನ್ಸ್ ಇರಲಿ ಬಿಡಿ, ಮೊಲದ ಮೀಸೆ ಕಾಣಲಿ

ಹೋದ ತಿಂಗಳು ಒಬ್ಬ ಹುಡುಗ ಪೆನ್‌ಡ್ರೈವ್ ಹಿಡಿದುಕೊಂಡು ಸ್ಟುಡಿಯೋಗೆ ಬಂದ. ಚಿತ್ರದುರ್ಗದ ಹತ್ತಿರ ಜೋಗಿಮಟ್ಟಿ ಕಡೆ, ಕಾಡಿನ ಅಂಚಿನಲ್ಲಿ, ಬೆಳಗಿನ ಜಾವ ಮೊಲ ಸಿಕ್ಕಿತ್ತಂತೆ. ನಲವತ್ತೆರಡು ಫೋಟೊ ತಂದಿದ್ದ. "ಸರ್, ಸ್ವಲ್ಪ ಶಾರ್ಪ್ ಮಾಡಿಕೊಡಿ, ಅಷ್ಟೇ ಸಾಕು" ಅಂದ.

ತೆರೆದು ನೋಡಿದೆ. ಕೂತ ಜಾಗ ಚೆನ್ನಾಗಿದೆ. ಹಿಂದೆ ಬಂದರಿಕೆ ಗಿಡ, ಮುಂದೆ ಒಣಹುಲ್ಲು. ನೆಲಕ್ಕೆ ಮಲಗಿ ತೆಗೆದಿದ್ದಾನೆ, ಅದೂ ಸರಿ. ಆದರೆ ನಲವತ್ತೆರಡರಲ್ಲಿ ಒಂದರಲ್ಲೂ ಮೂಗು ಸರಿಯಾಗಿ ಬಂದಿಲ್ಲ. 400 ಎಂಎಂ ಲೆನ್ಸ್, ಶಟರ್ 1/60 (ಸೆಕೆಂಡಿನ ಅರವತ್ತರಲ್ಲಿ ಒಂದು ಭಾಗ ತೆರೆದಿರುತ್ತೆ), ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಸೆಟ್ಟಿಂಗ್) 400. ಇನ್ನೂ ಸೂರ್ಯ ಹುಟ್ಟದ ಹೊತ್ತಲ್ಲಿ ಐಎಸ್‌ಒ 400 ಯಾಕಪ್ಪಾ ಅಂದೆ.

"ಜಾಸ್ತಿ ಇಟ್ಟರೆ ಗ್ರೇನ್ಸ್ ಬರುತ್ತಲ್ಲ, ಸರ್."

ಗ್ರೇನ್ಸ್ ಅಂದರೆ ಫೋಟೊ ತುಂಬ ಕಾಣುವ ಕಾಳಿನಂಥ ಸಣ್ಣ ಚುಕ್ಕಿಗಳು, ನಾಯ್ಸ್ ಅಂತಲೂ ಅನ್ನುತ್ತಾರೆ. ಈ ಒಂದು ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ದುರ್ಗದವರೂ ಹೇಳುತ್ತಾರೆ, ದಾವಣಗೆರೆಯಿಂದ ಬರುವವರೂ ಹೇಳುತ್ತಾರೆ. ಲಕ್ಷ ರೂಪಾಯಿ ಕೊಟ್ಟು ಲೆನ್ಸ್ ತಗೊಂಡಿರುತ್ತಾರೆ. ನಾಲ್ಕು ಗಂಟೆಗೆ ಎದ್ದು, ಚಳಿಯಲ್ಲಿ ಬೈಕ್ ಓಡಿಸಿಕೊಂಡು ಹೋಗಿರುತ್ತಾರೆ. ಅಷ್ಟು ಕಷ್ಟಪಟ್ಟ ಮೇಲೆ ಗ್ರೇನ್ಸ್‌ಗೆ ಹೆದರಿ ಫೋಟೊನೇ ಕಳೆದುಕೊಂಡು ಬರುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತೆ.

ಅದಕ್ಕೇ ಇವತ್ತು ಇದೊಂದನ್ನೇ ಬಿಡಿಸಿ ಹೇಳುತ್ತೇನೆ. ಗ್ರೇನ್ಸ್ ಬಂದ ಫೋಟೊವನ್ನು ನಾನು ಬಹಳ ಮಟ್ಟಿಗೆ ಸರಿ ಮಾಡಬಲ್ಲೆ. ಶೇಕ್ ಆದ, ಅಂದರೆ ಅಲುಗಾಡಿ ಮಸುಕಾದ ಫೋಟೊವನ್ನು ಸರಿ ಮಾಡಲಾರೆ.

ಮನೆ ಮುಂದಿನ ರಂಗೋಲಿ ನೆನಪು ಮಾಡಿಕೊಳ್ಳಿ. ಅದರ ಮೇಲೆ ಬೇವಿನ ಎಲೆ ಉದುರಿದರೆ ಒಂದೊಂದಾಗಿ ಎತ್ತಿ ಹಾಕಬಹುದು. ಕೆಳಗೆ ಎಳೆ ಹಾಗೇ ಇರುತ್ತೆ. ಅದೇ ರಂಗೋಲಿಗೆ ಸೆರಗು ತಾಗಿ ಎಳೆ ಕಲಸಿಹೋದರೆ ಏನು ಎತ್ತುತ್ತೀರಿ? ಗ್ರೇನ್ಸ್ ಅಂದರೆ ಉದುರಿದ ಎಲೆ. ಮೊಲದ ಕೂದಲು ಅದರಡಿ ಇದ್ದೇ ಇರುತ್ತೆ. ಶೇಕ್ ಆದಾಗ ಕೂದಲು ಫೈಲಿನಲ್ಲಿ ದಾಖಲೇ ಆಗಿರುವುದಿಲ್ಲ. ಶಾರ್ಪ್‌ನೆಸ್ ಸ್ಲೈಡರ್ ಕೊನೆವರೆಗೆ ಎಳೆದರೂ ಕಲಸಿದ್ದರ ಅಂಚು ಗಟ್ಟಿಯಾಗುತ್ತೆ, ಅಷ್ಟೇ.

"ಮೊಲ ಕಲ್ಲಿನ ಹಾಗೆ ಕೂತಿತ್ತು ಸರ್, ಅಲ್ಲಾಡಲೇ ಇಲ್ಲ" ಅನ್ನುತ್ತಾರೆ. ಒಂದು ಸಲ ಫೋಟೊ ತೆಗೆಯದೆ ಸುಮ್ನೆ ಬೈನಾಕ್ಯುಲರ್‌ನಲ್ಲಿ ಮೊಲವನ್ನು ನೋಡಿ. ಮೈ ನಿಂತಿರುತ್ತೆ, ಮೂಗು ನಿಂತಿರುವುದಿಲ್ಲ. ಮೂಗಿನ ಹೊಳ್ಳೆ ಒಂದೇ ಸಮನೆ ಅದುರುತ್ತಿರುತ್ತೆ. ಅದರ ಜೊತೆ ತುಟಿ ಮೇಲಿನ ಮೀಸೆಯೆಲ್ಲ ಅಲ್ಲಾಡುತ್ತೆ. ಒಂದು ಕಿವಿ ನಿಮ್ಮ ಕಡೆ, ಇನ್ನೊಂದು ಕಿವಿ ಹಿಂದೆ ಎಲ್ಲೋ ಕೂಗಿದ ಗೌಜಲಹಕ್ಕಿ ಕಡೆ ತಿರುಗುತ್ತೆ. ಉಸಿರಿಗೆ ಪಕ್ಕೆ ಏರಿಳಿಯುತ್ತೆ. 1/60ರಲ್ಲಿ ಬೆನ್ನಿನ ಕೂದಲು ಚೆನ್ನಾಗಿ ಬಂದು, ಮುಖ ಮಾತ್ರ ಮಸುಕಾಗುವುದು ಇದರಿಂದಲೇ. ಫೋಟೊದಲ್ಲಿ ಜನ ನೋಡುವುದು ಮುಖವನ್ನೇ ಅಲ್ವಾ?

ಲೆನ್ಸ್‌ನಲ್ಲಿ ಸ್ಟೆಬಿಲೈಸರ್ ಇದೆ ಅನ್ನುತ್ತೀರಿ. ಅದು ನಿಮ್ಮ ಕೈ ನಡುಕಕ್ಕೆ, ಮೊಲದ ಮೂಗಿಗಲ್ಲ. ಟ್ರೈಪಾಡ್‌ಗೂ ಇದೇ ಮಾತು.

ಲೆಕ್ಕ ಬಹಳ ಸುಲಭ. ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ) ಬದಲಿಸದೆ, ಐಎಸ್‌ಒ 400ಕ್ಕೆ 1/60 ಸಿಗುತ್ತಿದ್ದರೆ 800ಕ್ಕೆ 1/125 ಸಿಗುತ್ತೆ. 1600ಕ್ಕೆ 1/250. 3200ಕ್ಕೆ 1/500. ಕೂತ ಮೊಲಕ್ಕೆ ನಾನು 1/250ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಹುಲ್ಲು ಮೇಯುತ್ತಿದ್ದರೆ ದವಡೆ ಆಡುತ್ತಿರುತ್ತೆ, ಆಗ 1/500 ಬೇಕು. ಓಡುವ ಮೊಲಕ್ಕೆ 1/2000 ಇದ್ದರೂ ಧೈರ್ಯ ಹೇಳಲಾರೆ. ಅಂಥ ಬೆಳಕಲ್ಲಿ ಅದನ್ನು ಕಣ್ಣಲ್ಲಿ ನೋಡಿ ಖುಷಿಪಡಿ.

ಐಎಸ್‌ಒ ಕಡಿಮೆ ಇಟ್ಟು, ಕತ್ತಲೆಯಾಗಿ ತೆಗೆದು, ಮನೆಗೆ ಬಂದು ಬ್ರೈಟ್ ಮಾಡುತ್ತೇವೆ ಅನ್ನುವವರೂ ಇದ್ದಾರೆ. ಆಗಲೂ ಗ್ರೇನ್ಸ್ ಬಂದೇ ಬರುತ್ತೆ. ಕೆಲವು ಹೊಸ ಕ್ಯಾಮೆರಾಗಳಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸ ಕಾಣಲಿಕ್ಕಿಲ್ಲ. ಹಳೆಯದರಲ್ಲಿ ನೆರಳಿನ ಜಾಗವೆಲ್ಲ ಕೆಂಪು, ಹಸಿರು ಚುಕ್ಕಿಗಳಾಗಿ ಕೆಟ್ಟುಹೋಗುತ್ತೆ.

ಎಲ್ಲರೂ 3200 ಇಡಿ ಅಂತ ನಾನು ಹೇಳುತ್ತಿಲ್ಲ. ಒಂದೊಂದು ಕ್ಯಾಮೆರಾ ಒಂದೊಂದು ಥರ. ನಿಮ್ಮದರ ಮಿತಿ ತಿಳಿಯಲು ಒಂದು ದಾರಿ ಹೇಳುತ್ತೇನೆ. ನಮ್ಮ ಕಡೆ ಮನೆಯಲ್ಲಿ ಚಳ್ಳಕೆರೆ ಕಂಬಳಿ ಇದ್ದೇ ಇರುತ್ತೆ. ಹೊತ್ತು ಮುಳುಗುವಾಗ ಅದನ್ನು ಜಗಲಿ ಮೇಲೆ ಹಾಸಿ. ಐಎಸ್‌ಒ 800ರಿಂದ 6400ರವರೆಗೆ ಒಂದೊಂದು ಫೋಟೊ ತೆಗೆಯಿರಿ. ಕಂಪ್ಯೂಟರ್‌ನಲ್ಲಿ ನಾಯ್ಸ್ ಕಡಿಮೆ ಮಾಡಿ ನೋಡಿ. ಉಣ್ಣೆಯ ಒಂದೊಂದು ಎಳೆ ಎಲ್ಲಿವರೆಗೆ ಬಿಡಿಬಿಡಿಯಾಗಿ ಕಾಣುತ್ತೋ ಅಲ್ಲಿವರೆಗೆ ನೀವು ಹೆದರಬೇಕಿಲ್ಲ. ಕಂಬಳಿ ಎಳೆ ಉಳಿದರೆ ಮೊಲದ ಕೂದಲೂ ಉಳಿಯುತ್ತೆ.

ಎಡಿಟಿಂಗ್‌ಗೆ ರಾ ಫೈಲನ್ನೇ, ಅಂದರೆ ಕ್ಯಾಮೆರಾ ದಾಖಲಿಸಿದ ಮೂಲ ಫೈಲನ್ನೇ ತನ್ನಿ. ಮೊದಲು ನಾಯ್ಸ್ ತೆಗೆಯುವುದು, ಶಾರ್ಪ್ ಮಾಡುವುದು ಆಮೇಲೆ. ಮೊಲವನ್ನು ಮಾಸ್ಕ್ ಮಾಡಿ ಬೇರೆ ಇಟ್ಟು, ಹಿನ್ನೆಲೆಯ ಗ್ರೇನ್ಸನ್ನು ಜೋರಾಗಿ ತೆಗೆಯಿರಿ. ಮೈಮೇಲಿನದಕ್ಕೆ ಕೈ ಬಿಗಿ ಹಿಡಿಯಿರಿ. ಅಲ್ಲೂ ಎಳೆದರೆ ಮೊಲ ಮೇಣದ ಬೊಂಬೆ ಆಗುತ್ತೆ. ಈಗ ಎಐ ಸಾಫ್ಟ್‌ವೇರ್ ಶೇಕ್ ತೆಗೆಯುತ್ತೆ ಅಂತ ಕೆಲವರು ತೋರಿಸುತ್ತಾರೆ. ತುಸು ಮಸುಕಿದ್ದರೆ ಸಹಾಯ ಆಗಬಹುದು, ಇಲ್ಲ ಅನ್ನಲ್ಲ. ಜಾಸ್ತಿ ಶೇಕ್ ಇದ್ದರೆ ಅದು ತನ್ನ ಊಹೆಯಿಂದ ಕೂದಲು ಬರೆದುಬಿಡುತ್ತೆ. ಕೆನ್ನೆಯ ಕೂದಲು ಯಾವ ಕಡೆ ಮಲಗಿರುತ್ತೆ ಅಂತ ಗೊತ್ತಿದ್ದವರಿಗೆ ಮೋಸ ತಕ್ಷಣ ತಿಳಿಯುತ್ತೆ.

ಇನ್ನೊಂದು ಶ್ಯಾಡೋಸ್ ಸ್ಲೈಡರ್, ಫೋಟೊದ ಕತ್ತಲೆ ಭಾಗವನ್ನು ಬೆಳಗಿಸುವುದು. ನಮ್ಮ ಕಾಡುಮೊಲಕ್ಕೆ ಕತ್ತಿನ ಹಿಂಭಾಗದಲ್ಲಿ ಕಿವಿಗಳ ಕೆಳಗೆ ಕಪ್ಪು ಮಚ್ಚೆ ಇರುತ್ತೆ. ಬಾಲದ ಮೇಲ್ಭಾಗವೂ ಕಪ್ಪು. 1823ರಲ್ಲಿ ಫ್ರಾನ್ಸಿನ ಫ್ರೆಡೆರಿಕ್ ಕುವಿಯರ್ ಇದಕ್ಕೆ ಲೀಪಸ್ ನೈಗ್ರಿಕೋಲಿಸ್ ಅಂತ ಹೆಸರಿಟ್ಟಿದ್ದು ಆ ಕಪ್ಪು ಕತ್ತಿನಿಂದಲೇ. ಮನೆಯಲ್ಲಿ ಸಾಕುವ ಬಿಳಿ ಮೊಲದ ಜಾತಿಯೇ ಬೇರೆ. ಶ್ಯಾಡೋಸ್ ಎತ್ತಿ ಎತ್ತಿ ಆ ಕಪ್ಪನ್ನು ಬೂದಿ ಬಣ್ಣ ಮಾಡಿ ತರುತ್ತಾರೆ. ಗುರುತನ್ನೇ ಅಳಿಸಿದ ಹಾಗೆ ಆಗುತ್ತೆ, ದಯವಿಟ್ಟು ಹಾಗೆ ಮಾಡಬೇಡಿ.

ರಾತ್ರಿ ಜೀಪಿನ ಲೈಟ್ ಬಿಟ್ಟು ಮೊಲ ನಿಲ್ಲಿಸುವುದು ಬೇಟೆಗಾರರ ಕೆಲಸ. ಆ ಥರ ತೆಗೆದ ಫೋಟೊ ನನ್ನ ಹತ್ತಿರ ತರಬೇಡಿ. ಜೋಗಿಮಟ್ಟಿ, ರಂಗಯ್ಯನದುರ್ಗ ಎರಡೂ ವನ್ಯಜೀವಿ ಧಾಮಗಳು. ಒಳಗೆ ಹೋಗಲು ಅರಣ್ಯ ಇಲಾಖೆ ಅನುಮತಿ ಕೇಳಿಯೇ ಹೋಗಿ.

ಒಂದು ಸಲ ಜಗಳೂರು ಕಡೆ ಶೇಂಗಾ ಹೊಲದ ಬದುವಿನಲ್ಲಿ ಮರಿಮೊಲ ಕಂಡಿತು. ಅಂಗೈಯಷ್ಟಿತ್ತು. ಮೈತುಂಬ ಕೂದಲು, ಕಣ್ಣು ಪೂರ್ತಿ ಬಿಟ್ಟಿತ್ತು. ಕಾಡುಮೊಲದ ಮರಿ ಹುಟ್ಟುವಾಗಲೇ ಹಾಗೆ, ಬಿಲದಲ್ಲಿ ಹುಟ್ಟುವುದಿಲ್ಲ. ಜೊತೆಗಿದ್ದ ಗೆಳೆಯರೊಬ್ಬರು ಪಾಪ ತಬ್ಬಲಿ ಅಂದುಕೊಂಡು ಎತ್ತಿ ಕೈಮೇಲೆ ಇಟ್ಟುಕೊಂಡರು, ಫೋಟೊ ತೆಗಿ ಅಂದರು. ಹೊಲದ ಯಜಮಾನರು ಆಚೆಯಿಂದಲೇ ಕೂಗಿದರು. "ಕೆಳಗೆ ಇಡಪ್ಪಾ ಅದನ್ನ. ಎಲ್ಲಿತ್ತೋ ಅಲ್ಲೇ ಇಡು. ಅದರವ್ವ ಹೊತ್ತು ಮುಳುಗಿದ ಮೇಲೆ ಬರ್ತಾಳೆ." ಅವರು ಹೇಳಿದ್ದು ಸರಿ. ತಾಯಿಮೊಲ ಹಗಲು ಸಾಮಾನ್ಯವಾಗಿ ಮರಿ ಹತ್ತಿರ ಸುಳಿಯುವುದಿಲ್ಲ. ಕತ್ತಲಾದ ಮೇಲೆ ಬಂದು ಹಾಲು ಕೊಟ್ಟು ಹೋಗುತ್ತೆ. ಮರಿ ಇದ್ದ ಸಾಲು ಬಿಟ್ಟು ಉಳಿದ ಕಡೆ ಕಳೆ ತೆಗೆಸಿದೆ ಅಂತ ಯಜಮಾನರು ಆಮೇಲೆ ಹೇಳಿದರು. ಅವರ ಮೇಲೆ ನನಗೆ ಇವತ್ತಿಗೂ ಗೌರವ.

ಹುಡುಗನ ವಿಷಯಕ್ಕೆ ಬರುತ್ತೇನೆ. ಅವನಿಗೂ ಕಂಬಳಿ ಪರೀಕ್ಷೆ ಹೇಳಿ ಕಳಿಸಿದ್ದೆ. ಹದಿನೈದು ದಿನ ಬಿಟ್ಟು ಬಂದ. ಐಎಸ್‌ಒ 3200, ಶಟರ್ 1/500. ಗ್ರೇನ್ಸ್ ತುಂಬ ಇತ್ತು, ನಾವಿಬ್ಬರೂ ಕೂತು ಅರ್ಧ ಗಂಟೆಯಲ್ಲಿ ತೆಗೆದೆವು. ಅಡಿಯಲ್ಲಿ ಮೊಲ ಹಾಗೇ ಇತ್ತು. ಮೀಸೆಯ ಒಂದೊಂದು ಕೂದಲು, ಅದರ ತುದಿಗೆ ಇಬ್ಬನಿ. ಎಡಗಿವಿಯ ಅಂಚು ಒಂದು ಚೂರು ಹರಿದಿತ್ತು. ಯಾವುದೋ ಮುಳ್ಳಿಗೋ, ನಾಯಿ ಬಾಯಿಗೋ ಸಿಕ್ಕಿ ತಪ್ಪಿಸಿಕೊಂಡಿರಬೇಕು.

"ಸರ್, ಈ ಕಿವಿ ಸರಿ ಮಾಡಬಹುದಾ?" ಅಂದ.

ಮಾಡಬಹುದು, ಆದರೆ ಬೇಡ ಅಂದೆ. ಅವನೂ ಸ್ವಲ್ಪ ಹೊತ್ತು ನೋಡಿ ಬೇಡ ಅಂದ. 12x18 ಸೈಜಿನಲ್ಲಿ ಹಾಗೇ ಪ್ರಿಂಟ್ ಹಾಕಿದೆವು.