ವಸತಿ ಕಾಲೇಜಿನ ಕಲಾ ಸಂಗ್ರಹ: ಯಾವುದು ಎಲ್ಲಿದೆ ಎಂಬ ಲೆಕ್ಕ

ಮ್ಯೂಸಿಯಂನಲ್ಲಿ ವಸ್ತುಗಳು ಗಾಜಿನ ಹಿಂದಿರುತ್ತವೆ, ಸಂಜೆಯಾದರೆ ಬಾಗಿಲಿಗೆ ಬೀಗ ಬೀಳುತ್ತದೆ. ವಿಶ್ವವಿದ್ಯಾಲಯದ ವಸತಿ ಕಾಲೇಜಿನಲ್ಲಿ ಹಾಗಲ್ಲ. ಹಿಂದಿನ ಮುಖ್ಯಸ್ಥರ ತೈಲಚಿತ್ರದ ಕೆಳಗೇ ಮೂರು ಹೊತ್ತೂ ಊಟ ನಡೆಯುತ್ತದೆ, ದಾನಿಗಳು ಕೊಟ್ಟ ಬೆಳ್ಳಿ ತಟ್ಟೆ ಔತಣದ ದಿನ ಮೇಜಿಗೆ ಬರುತ್ತದೆ, ಇನ್ನೂರು ವರ್ಷದ ಕುರ್ಚಿಯಲ್ಲಿ ಯಾರೋ ಕೂತು ಓದುತ್ತಿರುತ್ತಾರೆ. ಹೀಗಾಗಿ ಸಂರಕ್ಷಣೆಯ ರಸಾಯನಶಾಸ್ತ್ರಕ್ಕೆ ಕೈಹಾಕುವ ಮೊದಲು ಲೆಕ್ಕ ಇಡುವುದನ್ನು ಕಲಿಯಬೇಕು. ವಸ್ತು ಯಾವುದು, ಯಾರದು, ಇವತ್ತು ಎಲ್ಲಿದೆ? ಈ ಮೂರಕ್ಕೆ ಉತ್ತರವಿಲ್ಲದ ಸಂಗ್ರಹವನ್ನು ಯಾವ ತಜ್ಞರೂ ಕಾಪಾಡಲಾರರು.

ಇದನ್ನು ಚೆನ್ನಾಗಿ ಅರಿತಿದ್ದವರು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಮ್ಯಾಥ್ಯೂ ಪಾರ್ಕರ್. 1575ರಲ್ಲಿ ತೀರಿಕೊಂಡ ಅವರು ತಮ್ಮ ಹಸ್ತಪ್ರತಿಗಳನ್ನು ಕೇಂಬ್ರಿಡ್ಜ್‌ನ ಕಾರ್ಪಸ್ ಕ್ರಿಸ್ಟಿ ಕಾಲೇಜಿಗೆ ಕೊಡುವಾಗ, ಪ್ರತಿವರ್ಷ ಎಣಿಕೆ ಆಗಲೇಬೇಕೆಂಬ ಷರತ್ತು ಹಾಕಿದರು. ನಿಗದಿತ ಸಂಖ್ಯೆಗಿಂತ ಹೆಚ್ಚು ಪುಸ್ತಕಗಳು ಅಲಕ್ಷ್ಯದಿಂದ ಕಳೆದರೆ ಸಂಗ್ರಹ ಗಾನ್‌ವಿಲ್ ಅಂಡ್ ಕೀಸ್ ಕಾಲೇಜಿನ ಪಾಲು. ಅವರೂ ಕಳೆದರೆ ಟ್ರಿನಿಟಿ ಹಾಲ್ ಪಾಲು. ಎಣಿಸಿ ನೋಡುವ ಹೊಣೆಯೂ ಆ ನೆರೆಯ ಕಾಲೇಜುಗಳದೇ. ಕೊರತೆ ಸಿಕ್ಕರೆ ಲಾಭ ಯಾರಿಗೋ ಅವರ ಕೈಗೇ ಎಣಿಕೆ ಕೊಟ್ಟ ಮೇಲೆ ಅದು ಸಡಿಲವಾಗುವುದು ಹೇಗೆ? ಆರನೆಯ ಶತಮಾನದ ಸಂತ ಅಗಸ್ಟೀನ್ ಸುವಾರ್ತೆಗಳ ಹಸ್ತಪ್ರತಿ ಇಂದಿಗೂ ಕಾರ್ಪಸ್ ಕ್ರಿಸ್ಟಿಯಲ್ಲೇ ಇದೆ. ಅದೇ ಊರಿನ ಮ್ಯಾಗ್ಡಲೀನ್ ಕಾಲೇಜಿಗೆ 1724ರಲ್ಲಿ ಬಂದ, ದಿನಚರಿಯಿಂದ ಹೆಸರಾದ ಸ್ಯಾಮ್ಯುಯೆಲ್ ಪೀಪ್ಸ್ ಅವರ 3,000 ಪುಸ್ತಕಗಳಿಗೂ ಇಂಥದೇ ಕಟ್ಟು: ಒಂದನ್ನೂ ಸೇರಿಸುವಂತಿಲ್ಲ, ಒಂದನ್ನೂ ತೆಗೆಯುವಂತಿಲ್ಲ.

ಈಗ ಪ್ರತಿ ವಸ್ತುವಿಗೂ ಕೊಡುವ ಗುರುತಿನ ಸಂಖ್ಯೆಯ ವಿಷಯ. 2024.3.2 ಎಂದರೆ 2024ರಲ್ಲಿ ಬಂದ ಮೂರನೇ ಕೊಡುಗೆಯ ಎರಡನೇ ವಸ್ತು. ವಸ್ತು ಕಳೆದುಹೋದರೂ, ಮಾರಿಬಿಟ್ಟರೂ ಆ ಸಂಖ್ಯೆಯನ್ನು ಮತ್ತೊಂದಕ್ಕೆ ಕೊಡಬಾರದು. ಕಾಗದದ ಮೇಲಾದರೆ ಹಿಂಬದಿಯ ಮೂಲೆಯಲ್ಲಿ 2ಬಿ ಪೆನ್ಸಿಲ್‌ನಿಂದ ಹಗುರವಾಗಿ ಬರೆಯಿರಿ. ಬಟ್ಟೆಗಾದರೆ ಸಂಖ್ಯೆ ಬರೆದ ಹತ್ತಿಯ ಪಟ್ಟಿಯನ್ನು ಎರಡು ಹೊಲಿಗೆ ಹಾಕಿ ಸೇರಿಸಿ. ಲೋಹ ಮತ್ತು ಹೊಳಪು ಹಾಕಿದ ಪಿಂಗಾಣಿಗೆ ಮೊದಲು ಪ್ಯಾರಲಾಯ್ಡ್ ಬಿ-72 ಎಂಬ ಪಾರದರ್ಶಕ ರಾಳದ ಲೇಪ, ಅದು ಒಣಗಿದ ಮೇಲೆ ಸಂಖ್ಯೆ, ಮೇಲೆ ಇನ್ನೊಂದು ಲೇಪ. ಬೇಡವಾದಾಗ ಅಸಿಟೋನ್‌ನಿಂದ ಒರೆಸಿ ತೆಗೆಯಬಹುದು. ಅಂಟುಚೀಟಿ, ಸೆಲ್ಲೋಟೇಪ್, ಬಾಲ್‌ಪೆನ್ ಹತ್ತಿರಕ್ಕೂ ಬೇಡ. ಅಂಟು ಕಾಗದದೊಳಗೆ ಇಳಿದು ಹಳದಿ ಕಲೆಯಾಗುತ್ತದೆ, ಚೀಟಿ ಮಾತ್ರ ಉದುರಿಹೋಗುತ್ತದೆ.

ಕಾಲೇಜಿನಲ್ಲಿ ವಸ್ತುಗಳು ಕಳುವಿಗಿಂತ ಹೆಚ್ಚಾಗಿ ಸ್ಥಳಾಂತರದಲ್ಲೇ ಕಾಣೆಯಾಗುತ್ತವೆ. ರಜೆಯಲ್ಲಿ ಬಣ್ಣ ಬಳಿಯುವವರು ಬರುತ್ತಾರೆ, ಚಿತ್ರ ಇಳಿಸಿ ಮೆಟ್ಟಿಲ ಕೆಳಗಿನ ಕೋಣೆಗೆ ಸೇರಿಸುತ್ತಾರೆ, ಎರಡು ವರ್ಷ ಕಳೆದರೆ ಅದನ್ನು ಇಟ್ಟವರು ಯಾರೂ ಅಲ್ಲಿರುವುದಿಲ್ಲ. ಆದ್ದರಿಂದ ಇಳಿಸಿದ ದಿನವೇ ದಿನಾಂಕ, ಹೊಸ ಜಾಗ, ಸರಿಸಿದವರ ಹೆಸರು ರಿಜಿಸ್ಟರ್‌ಗೆ ಬೀಳಬೇಕು. ‘ಊಟದ ಹಾಲ್’ ಎಂದಷ್ಟೇ ಬರೆದರೆ ಸಾಲದು, ‘ಊಟದ ಹಾಲ್, ಉತ್ತರ ಗೋಡೆ, ಎಡದಿಂದ ಎರಡನೆಯದು’ ಎಂದಿರಬೇಕು. ವಾರ್ಷಿಕ ಎಣಿಕೆಗೆ ರಜೆ ಮುಗಿದ ಮೊದಲ ವಾರ ಒಳ್ಳೆಯದು. ಕಾಣದ ವಸ್ತುವಿನ ಸಾಲನ್ನು ಅಳಿಸಬೇಡಿ, ‘ಸಿಗಲಿಲ್ಲ’ ಎಂದು ದಿನಾಂಕ ಹಾಕಿ ಬಿಡಿ. ಕಾಗದಪತ್ರವಿಲ್ಲದೆ ‘ಇಟ್ಟುಕೊಂಡಿರಿ’ ಎಂದು ಕೊಟ್ಟ ವಸ್ತು ದಾನವೋ ಎರವಲೋ ಎಂಬ ಜಗಳ ಮೊಮ್ಮಕ್ಕಳ ಕಾಲಕ್ಕೆ ಏಳುತ್ತದೆ. ಬಂದ ದಿನವೇ ಪತ್ರ ಬರೆಸಿಕೊಳ್ಳಿ. ಚಿತ್ರ ಕಾಲೇಜಿನದಾದ ಮಾತ್ರಕ್ಕೆ ಅದರ ಕೃತಿಸ್ವಾಮ್ಯವೂ ಕಾಲೇಜಿಗೆ ಬರುವುದಿಲ್ಲ ಎಂಬುದೂ ಆ ಪತ್ರದ ವೇಳೆಗೇ ನೆನಪಿರಲಿ.

ಎಣಿಕೆಯ ದಿನ ಒಂದು ತೈಲಚಿತ್ರವನ್ನಾದರೂ ಇಬ್ಬರು ಸೇರಿ ಕೆಳಗಿಳಿಸಿ, ಹಿಂಬದಿ ನೋಡಿ. ಕ್ಯಾನ್ವಾಸ್ ಬಿಗಿದ ಮರದ ಚೌಕದ ನಾಲ್ಕೂ ಮೂಲೆಗಳಲ್ಲಿ ಸಣ್ಣ ಬೆಣೆಗಳಿರುತ್ತವೆ. ಅವುಗಳಲ್ಲೊಂದು ಸಡಿಲವಾಗಿ ಜಾರಿ, ಕೆಳಗಿನ ಪಟ್ಟಿಗೂ ಕ್ಯಾನ್ವಾಸಿಗೂ ನಡುವೆ ಸಿಕ್ಕಿಕೊಳ್ಳುವುದು ತೀರಾ ಸಾಮಾನ್ಯ. ಮುಂಬದಿಯಲ್ಲಿ ಅಂಚಿನ ಹತ್ತಿರ ಹೆಬ್ಬೆರಳಿನಷ್ಟು ಉಬ್ಬು ಕಂಡರೆ ಹೆಚ್ಚಾಗಿ ಅದೇ ಕಾರಣ. ಹಾಗೇ ಬಿಟ್ಟರೆ ಉಬ್ಬಿನ ಸುತ್ತ ಬಣ್ಣ ಬಿರುಕು ಬಿಟ್ಟು ಉದುರುತ್ತದೆ. ಅದನ್ನು ಮುಂದಿನಿಂದ ಒತ್ತಬೇಡಿ, ಚಾಕು ತೂರಿಸಿ ಮೀಟಲೂ ಬೇಡಿ. ಫೋಟೋ ತೆಗೆದು ಸಂರಕ್ಷಣಾ ತಜ್ಞರಿಗೆ ಕಳಿಸಿ. ಹಿಂದೆ ಅಂಟಿಸಿದ ಹಳೆಯ ಹರಾಜಿನ ಚೀಟಿ, ಚೌಕಟ್ಟು ಕಟ್ಟಿದವರ ಚೀಟಿಗಳನ್ನು ಕೀಳಬಾರದು. ಚಿತ್ರದ ಊರು, ವಯಸ್ಸು, ಹಿಂದಿನ ಒಡೆಯರ ಸುಳಿವು ಎಷ್ಟೋ ಸಲ ಅಲ್ಲಿ ಮಾತ್ರ ಇರುತ್ತದೆ. ಮರಳಿ ತೂಗುಹಾಕುವಾಗ ಕೆಳಮೂಲೆಗಳಿಗೆ ಕಾರ್ಕ್ ತುಂಡು ಸಿಕ್ಕಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡುತ್ತದೆ. ಹೊರಗೋಡೆಯ ತಂಪಿಗೆ ಹಿಂದೆ ತೇವ ಕಟ್ಟಿ ಬೂಸ್ಟು ಹಿಡಿಯುವುದು ಇದರಿಂದ ತಪ್ಪುತ್ತದೆ. ಅಗ್ಗಿಷ್ಟಿಕೆಯ ಮೇಲಿನ ಗೋಡೆ ಎಷ್ಟೇ ಗೌರವದ ಜಾಗವಾದರೂ ಚಿತ್ರಕ್ಕೆ ಅತಿ ಕೆಟ್ಟ ಜಾಗ: ಮಸಿ, ಬಿಸಿ ಎರಡೂ ನೇರ ಬಡಿಯುತ್ತವೆ.

ಬೆಳಕಿನ ಬಗ್ಗೆ ಎರಡೇ ಅಂಕಿ ಸಾಕು (ವಸ್ತುವಿನ ಮೇಲೆ ಬೀಳುವ ಬೆಳಕಿನ ಅಳತೆಯೇ ಲಕ್ಸ್): ಜಲವರ್ಣ, ಮುದ್ರಣಚಿತ್ರ, ಫೋಟೋ, ಬಟ್ಟೆಗೆ 50 ಲಕ್ಸ್, ತೈಲಚಿತ್ರಕ್ಕೆ 200ರ ಆಸುಪಾಸು. ಹಾನಿ ಕೂಡುತ್ತಾ ಹೋಗುತ್ತದೆ, 100 ಲಕ್ಸ್‌ನಲ್ಲಿ ಐದು ಗಂಟೆ ಎಂದರೆ 50ರಲ್ಲಿ ಹತ್ತು ಗಂಟೆಗೆ ಸಮ. ಹಗಲೂ ರಾತ್ರಿ ದೀಪ ಉರಿಯುವ ಕಾರಿಡಾರ್‌ನಲ್ಲಿ ಹಳೆಯ ತಂಡಗಳ ಫೋಟೋ ತೂಗಿಸುವುದಾದರೆ ಪ್ರತಿಯನ್ನು ತೂಗಿಸಿ, ಮೂಲವನ್ನು ಆಮ್ಲರಹಿತ ಪೆಟ್ಟಿಗೆಯಲ್ಲಿಡಿ.

ಬೆಳ್ಳಿಗೆ ಶತ್ರು ಗಂಧಕ. ಮೊಟ್ಟೆ, ರಬ್ಬರ್ ಬ್ಯಾಂಡ್, ಉಣ್ಣೆಯ ಹಾಸು ಇದ್ದಲ್ಲಿ ಬೆಳ್ಳಿ ಕಪ್ಪಾಗುತ್ತದೆ. ಉಜ್ಜಿದಷ್ಟು ಸಲವೂ ಒಂದು ತೆಳು ಪದರ ಹೋಗುತ್ತದೆ, ಮೊದಲು ಮಸುಕಾಗುವುದು ಕೆತ್ತಿದ ಲಾಂಛನ ಮತ್ತು ದಾನಿಯ ಹೆಸರು, ಅಂದರೆ ಆ ವಸ್ತುವಿನ ಇತಿಹಾಸವೇ. ಅದ್ದಿ ತೆಗೆಯುವ ದ್ರಾವಣ ಬಳಸಬೇಡಿ, ಕೆತ್ತನೆಯ ಗೆರೆಯೊಳಗೆ ಆಳ ತೋರಿಸುವ ಕಪ್ಪನ್ನೂ ಅದು ತಿಂದುಹಾಕುತ್ತದೆ. ಔತಣ ಮುಗಿದ ರಾತ್ರಿಯೇ ಉಪ್ಪಿನ ಬಟ್ಟಲುಗಳನ್ನು ಖಾಲಿ ಮಾಡಿ, ಬೆಚ್ಚಗಿನ ನೀರಿನಲ್ಲಿ ತೊಳೆದು, ಮೆತ್ತನೆಯ ಹತ್ತಿ ಬಟ್ಟೆಯಿಂದ ಪೂರ್ತಿ ಒಣಗಿಸಿ. ಬೆಳಗಿನವರೆಗೆ ಬಿಟ್ಟ ತೇವದ ಉಪ್ಪು ಬೆಳ್ಳಿಯಲ್ಲಿ ಸಣ್ಣ ಕುಳಿ ತೋಡುತ್ತದೆ, ಆ ಕುಳಿ ಯಾವ ಪಾಲಿಶ್‌ಗೂ ಹೋಗುವುದಿಲ್ಲ. ಕಪಾಟಿಗೆ ಮರಳಿಸುವಾಗ ಎಣಿಸಿಯೇ ಇಡಿ. ಸಣ್ಣ ಚಮಚಗಳು ಉಳಿದ ಅನ್ನದ ಜೊತೆ ಕಸದ ಡಬ್ಬಿಗೆ ಹೋಗುವುದು ಹೆಚ್ಚಾಗಿ ಆ ರಾತ್ರಿಯೇ.