ಒಣಗಿಯೂ ಒಣಗದ ಸಂಡಿಗೆ

ನನಗೊಂದು ಕೆಟ್ಟ ಚಾಳಿ ಇದೆ. ಕರಿದ ಸಂಡಿಗೆಗಿಂತ ಅರೆ ಒಣಗಿದ ಸಂಡಿಗೆ ನನಗಿಷ್ಟ. ಬೆಳಗ್ಗೆ ಏಳಕ್ಕೆ ತಾರಸಿಯಲ್ಲಿ ಹಳೇ ಪಂಚೆ ಹಾಸಿ ಇಟ್ಟ ಅಕ್ಕಿ ಸಂಡಿಗೆ ಮಧ್ಯಾಹ್ನ ಮೂರರ ಹೊತ್ತಿಗೆ ಅಂಚು ಬಿಗಿದು, ನಡು ಮಾತ್ರ ಮೆತ್ತಗಿದ್ದು, ಕಚ್ಚಿದರೆ ಹಲ್ಲಿಗೆ ಎಳೆದುಕೊಳ್ಳುವಂತಿರುತ್ತದಲ್ಲ, ಆ ಹದ. ಹಸಿಮೆಣಸಿನಕಾಯಿಯ ಖಾರ, ಇಂಗು, ನಿಂಬೆಯ ಹುಳಿ ಎಲ್ಲ ಆಗ ಒಟ್ಟಾಗಿ ನಾಲಿಗೆಗೆ ಸಿಗುತ್ತವೆ. ಕಾಗೆ ಕಾಯಲೆಂದು ನನ್ನನ್ನು ಕೊಡೆಯ ಕೆಳಗೆ ಕೂರಿಸಿ ಹೋಗುತ್ತಿದ್ದ ಅಜ್ಜಿಗೆ ಸಂಜೆ ಲೆಕ್ಕ ಸರಿಹೋಗುತ್ತಿರಲಿಲ್ಲ. "ಕಾಗೆ ಆದ್ರೆ ಒಂದೋ ಎರಡೋ ಕಚ್ಕೊಂಡು ಹೋಗುತ್ತೆ. ನೀನು ಸಾಲು ಸಾಲೇ ಖಾಲಿ ಮಾಡ್ತೀಯಲ್ಲೇ!"

ಅದಕ್ಕೂ ಮುಂಚೆ, ಒಲೆಯ ಮೇಲಿಂದ ಇಳಿಸಿದ ಬಿಸಿ ಹಿಟ್ಟಿಗೆ ಹಸಿ ಕಡಲೆಕಾಯಿ ಎಣ್ಣೆ ಬಿಟ್ಟುಕೊಂಡು ತಿನ್ನುವುದು ಬೇರೆ. ಅದನ್ನು ಚಾಳಿ ಅನ್ನುವಂತಿಲ್ಲ. ಸಂಡಿಗೆ ಇಡುವ ಮನೆಯ ಮಕ್ಕಳ ಹಕ್ಕು ಅದು.

ಈ ಚಾಳಿಯ ಬಗ್ಗೆ ಯೋಚಿಸುತ್ತಾ ಹೋದಾಗಲೇ ನನಗೆ ಹೊಳೆದದ್ದು: ಸಂಡಿಗೆಯ ಬಗ್ಗೆ ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದ ಮಾತೊಂದು ಅರ್ಧ ಮಾತ್ರ ನಿಜ. 'ಚೆನ್ನಾಗಿ ಒಣಗಿದಷ್ಟೂ ಚೆನ್ನಾಗಿ ಅರಳುತ್ತೆ.' ಹೌದೇ? ಒಂದು ವರ್ಷ ಮಾರ್ಚಿಯಲ್ಲೇ ಮೋಡ ಕವಿದಾಗ ನಾನು ಜಾಣತನ ತೋರಿಸಲು ಹೋಗಿ, ಒಣಗಿ ಬಂದಿದ್ದ ಸಂಡಿಗೆಯನ್ನು ಇನ್ನೂ ಒಣಗಲಿ ಎಂದು ಓವನ್ನಿನಲ್ಲಿ 100 ಡಿಗ್ರಿಗೆ ಇಟ್ಟು ಇಡೀ ಮಧ್ಯಾಹ್ನ ಮರೆತೆ. ಹೊರಗೆ ಬಂದದ್ದು ಗಾಜಿನ ಚೂರು. ಒಂದಕ್ಕೊಂದು ತಾಗಿದರೆ ಕಣ್ ಕಣ್ ಎನ್ನುತ್ತಿತ್ತು. ಇದಕ್ಕಿಂತ ಒಣಗಲು ಸಾಧ್ಯವಿಲ್ಲ ಎಂದು ಹೆಮ್ಮೆಯಿಂದ ಕಾದ ಎಣ್ಣೆಗೆ ಬಿಟ್ಟೆ. ಅರಳಲಿಲ್ಲ. ಇಟ್ಟಷ್ಟೇ ಗಾತ್ರದಲ್ಲಿ ಮುಳುಗಿ, ಕಂದು ಬಣ್ಣಕ್ಕೆ ತಿರುಗಿ, ಕಲ್ಲಿನಂತಾಯಿತು.

ಅರಳುವುದಕ್ಕೆ ಬೇಕಾದ್ದು ಒಣಗಿದ ಸಂಡಿಗೆಯಲ್ಲಿ ಉಳಿದಿರುವ ನೀರು. ಹೆಚ್ಚಲ್ಲ, ತೂಕದ ಶೇ 10–12ರಷ್ಟು. ಅಷ್ಟು ಚಿಕ್ಕ ಪಾಲಿನ ನೀರು ಒಂದೇ ಬಾಣಲೆಯಲ್ಲಿ, ಕೆಲವೇ ಕ್ಷಣಗಳಲ್ಲಿ ಮೂರು ಕೆಲಸ ಮಾಡುತ್ತದೆ. ನಾನು ಹೇಳಬೇಕೆಂದಿರುವುದು ಅದಿಷ್ಟೇ. ಆದರೆ ಅದನ್ನು ಹೇಳಲು ತುಸು ಸುತ್ತಿ ಬರಬೇಕು.

ಅಕ್ಕಿ ಹಿಟ್ಟಿನಲ್ಲಿ ಪಿಷ್ಟವು ಸಣ್ಣ ಸಣ್ಣ ಹರಳಿನ ರೂಪದಲ್ಲಿರುತ್ತದೆ. ಅಕ್ಕಿಯದ್ದು ತೀರಾ ಚಿಕ್ಕದು, ಒಂದೊಂದೂ ಕೆಲವೇ ಮೈಕ್ರೋಮೀಟರ್. ಅದರೊಳಗೆ ಸಕ್ಕರೆ ಕಣಗಳ ಉದ್ದನೆಯ ಸರಪಳಿಗಳು ಬಿಗಿಯಾಗಿ ಸುತ್ತಿಕೊಂಡಿರುತ್ತವೆ. ತಣ್ಣೀರಿನಲ್ಲಿ ಕಲಸಿದರೆ ಅವು ಬಿಚ್ಚಿಕೊಳ್ಳುವುದಿಲ್ಲ. ಹಸಿ ಹಿಟ್ಟನ್ನು ಬಟ್ಟೆಯ ಮೇಲೆ ತಟ್ಟಿ ಒಣಗಿಸಿದರೆ ಸಿಗುವುದು ಉದುರುವ ಪುಡಿ. ಎಸರಿಗೆ ಹಾಕಿ ತೊಳಸಿದಾಗ, ಸುಮಾರು 70 ಡಿಗ್ರಿಯ ಆಸುಪಾಸಿನಲ್ಲಿ, ಹರಳು ನೀರು ಕುಡಿದು ಉಬ್ಬಿ ಬಿರಿಯುತ್ತದೆ. ಉಲ್ಲನ್ ಉಂಡೆಗಳ ಬುಟ್ಟಿಗೆ ಬೆಕ್ಕು ನುಗ್ಗಿದ ಹಾಗೆ. ಎಲ್ಲ ಎಳೆಗಳೂ ಎಲ್ಲದರ ಜೊತೆ ಸಿಕ್ಕು. ಚಕ್ಕುಲಿ ಒರಳಿನಲ್ಲಿ ಒತ್ತಿದಾಗ ಎಳೆ ತುಂಡಾಗದೆ ಬರುವುದು ಈ ಸಿಕ್ಕಿನಿಂದ.

ಈಗ ಈ ಸಿಕ್ಕನ್ನು ಬಿಸಿಲಿಗೆ ಇಡಿ. ನೀರು ಹೋದಂತೆ ಏನಾಗುತ್ತದೆ? ಇಲ್ಲಿ ನನಗೆ ಯಾವಾಗಲೂ ನೆನಪಾಗುವುದು ಹಬ್ಬದ ಹಿಂದಿನ ದಿನದ ಬಸ್ಸು. ಜನ ಎಷ್ಟು ಒತ್ತಾಗಿ ನಿಂತಿದ್ದಾರೆಂದರೆ ಯಾರೂ ಕೈ ಎತ್ತುವಂತಿಲ್ಲ. ಸಾಲಾಗಿ ನಿಂತಿಲ್ಲ, ಶಿಸ್ತಿಲ್ಲ, ಹೇಗೆ ಹತ್ತಿದರೋ ಹಾಗೆಯೇ ಸಿಕ್ಕಿಕೊಂಡಿದ್ದಾರೆ; ಆದರೂ ಇಡೀ ಗುಂಪು ಗೋಡೆಯಷ್ಟು ಗಟ್ಟಿ. ವಿಜ್ಞಾನದಲ್ಲಿ ಇಂಥ ಸ್ಥಿತಿಗೆ ಗಾಜು ಎಂದೇ ಹೆಸರು. ಕಿಟಕಿಯ ಗಾಜು ಮಾತ್ರವಲ್ಲ, ಕ್ರಮವಿಲ್ಲದೆ ಸಿಕ್ಕಿಬಿದ್ದು ಅಲುಗಾಡದೆ ನಿಂತ ಯಾವುದೇ ವಸ್ತು ಗಾಜೇ. ಒಣಗಿದ ಸಂಡಿಗೆ ಆ ಅರ್ಥದಲ್ಲಿ ಅಪ್ಪಟ ಗಾಜು. ಅರೆಪಾರದರ್ಶಕ, ಮುರಿದರೆ ಟಕ್ಕೆಂದು ಮುರಿಯುತ್ತದೆ, ಬಾಗುವುದಿಲ್ಲ.

ಅದೇ ಬಸ್ಸಿಗೆ ಒಬ್ಬ ತೆಳ್ಳಗಿನ ಕಂಡಕ್ಟರ್ ನುಗ್ಗಲಿ. ಅವನು ಸಂದಿಯಲ್ಲಿ ತೂರಿಕೊಂಡು ಹೋದ ಕಡೆಯೆಲ್ಲ ಜನ ಒಂದಿಂಚು ಈಚೆ, ಒಂದಿಂಚು ಆಚೆ ಸರಿಯಲೇಬೇಕು. ಹತ್ತು ಕಂಡಕ್ಟರ್‌ಗಳನ್ನು ಬಿಟ್ಟರೆ ಇಡೀ ಗುಂಪೇ ತೂಗಾಡತೊಡಗುತ್ತದೆ. ಪಿಷ್ಟದ ನಡುವೆ ನೀರಿನ ಕಣ ಮಾಡುವುದು ಕಂಡಕ್ಟರ್ ಕೆಲಸವನ್ನೇ. ಒಣಗಿ ಸೆಟೆದ ಚರ್ಮದ ಚಪ್ಪಲಿ ನೆನೆಸಿದರೆ ಮೆದುವಾಗುವುದಿಲ್ಲವೇ? ಬಿದಿರನ್ನು ನೀರಲ್ಲಿಟ್ಟು ಬುಟ್ಟಿ ಹೆಣೆಯುವುದಿಲ್ಲವೇ? ಅದೂ ಇದೇ. ಲೆಕ್ಕ ಹೀಗೆ: ಬೆಂದ ಪಿಷ್ಟದಲ್ಲಿ ಸುಮಾರು ಶೇ 20ರಷ್ಟು ನೀರಿದ್ದರೆ ಅದು ಕೋಣೆಯ ಬಿಸಿಯಲ್ಲೇ ರಬ್ಬರಿನಂತಿರುತ್ತದೆ. ಶೇ 10–12ಕ್ಕೆ ಇಳಿದರೆ ಗಾಜು; ಮತ್ತೆ ಮೆದುವಾಗಬೇಕಾದರೆ ಚೆನ್ನಾಗಿ ಕಾಯಿಸಬೇಕು. ನೀರೇ ಇಲ್ಲದಿದ್ದರೆ 200 ಡಿಗ್ರಿ ದಾಟಿದರೂ ಮೆದುವಾಗದೆ, ಅದಕ್ಕೆ ಮೊದಲೇ ಸೀದುಹೋಗುತ್ತದೆ. ನನ್ನ ಓವನ್ ಸಂಡಿಗೆಗೆ ಆದದ್ದು ಇದು. ಬಸ್ಸಿನಲ್ಲಿ ಒಬ್ಬ ಕಂಡಕ್ಟರೂ ಇರಲಿಲ್ಲ.

ಹದವಾಗಿ ಒಣಗಿದ ಸಂಡಿಗೆ 180–190 ಡಿಗ್ರಿಯ ಎಣ್ಣೆಗೆ ಬಿದ್ದಾಗ ಉಳಿದ ನೀರಿನ ಮೊದಲ ಕೆಲಸ ಗಾಜನ್ನು ರಬ್ಬರ್ ಮಾಡುವುದು. ಎರಡನೆಯದು ಹಬೆಯಾಗುವುದು. ಒಂದು ಗ್ರಾಂ ನೀರು ಹಬೆಯಾದರೆ ಸುಮಾರು 1.7 ಲೀಟರ್ ಜಾಗ ಕೇಳುತ್ತದೆ. ಒಂದು ಸಂಡಿಗೆ 2 ಗ್ರಾಂ ತೂಗುತ್ತದೆ ಎಂದಿಟ್ಟುಕೊಳ್ಳಿ; ಅದರಲ್ಲಿ 0.2 ಗ್ರಾಂ ನೀರು. ಅಂದರೆ 340 ಮಿಲಿಲೀಟರ್ ಹಬೆ. ದೊಡ್ಡದೊಂದು ಲೋಟದ ತುಂಬ! ಹೆಚ್ಚಿನದು ಚುರ್ರೆಂದು ಎಣ್ಣೆಯಲ್ಲಿ ಗುಳ್ಳೆಯಾಗಿ ತಪ್ಪಿಸಿಕೊಳ್ಳುತ್ತದೆ, ಸಿಕ್ಕಿಕೊಂಡ ಸ್ವಲ್ಪವೇ ಸಂಡಿಗೆಯನ್ನು ಊದಿಸುತ್ತದೆ. ಮೂರನೆಯ ಕೆಲಸ ನನಗೆ ಎಲ್ಲಕ್ಕಿಂತ ಪ್ರಿಯ. ಹಬೆ ಹೊರಟುಹೋಯಿತಲ್ಲ, ಹೋಗುವಾಗ ಮೆದುತನವನ್ನೂ ಜೊತೆಗೇ ಒಯ್ದಿತು. ಕಂಡಕ್ಟರ್ ಇಳಿದ, ಬಸ್ಸು ಮತ್ತೆ ಗಾಜಾಯಿತು, ಆದರೆ ಈ ಸಲ ಉಬ್ಬಿದ ಆಕಾರದಲ್ಲೇ. ಗಾಜಿನ ಬುರುಡೆ ಊದುವವನು ಕುಲುಮೆಯಲ್ಲಿ ಮೆದು ಮಾಡಿ, ಊದಿ, ಆರಲು ಬಿಡುತ್ತಾನೆ. ಅವನಿಗೆ ಬೆಂಕಿ ಬೇಕು, ಉಸಿರು ಬೇಕು, ತಂಪು ಗಾಳಿ ಬೇಕು. ಸಂಡಿಗೆಯಲ್ಲಿ ಕುಲುಮೆಯಂತೆ ಮೆದು ಮಾಡುವ ಗುಣ, ಊದುವ ಉಸಿರು, ಕೊನೆಗೆ ಬಿಗಿಯುವ ಶಕ್ತಿ ಎಲ್ಲವೂ ಆ 0.2 ಗ್ರಾಂ ನೀರೇ.

ಎಣ್ಣೆ ಸಾಲದಷ್ಟು ಕಾದಿದ್ದರೆ ಸಂಡಿಗೆ ಏಕೆ ಕೆಡುತ್ತದೆ ಎಂಬುದೂ ಇದರಿಂದಲೇ ತಿಳಿಯುತ್ತದೆ. ಪಾಪ್‌ಕಾರ್ನ್ ಆಗುವ ಮೆಕ್ಕೆಜೋಳಕ್ಕಾದರೆ ಹೊರಗೊಂದು ಗಟ್ಟಿ ಸಿಪ್ಪೆ ಇದೆ, ಹಬೆಯನ್ನು ಕುಕ್ಕರಿನಂತೆ ಹಿಡಿದಿಟ್ಟು ಸುಮಾರು 180 ಡಿಗ್ರಿಗೆ ಬಂದಾಗ ಸಿಡಿಯುತ್ತದೆ. ಸಂಡಿಗೆಗೆ ಸಿಪ್ಪೆ ಇಲ್ಲ. ಮೆದುವಾಗುವುದು, ಹಬೆಯಾಗುವುದು ಎರಡೂ ಒಟ್ಟಿಗೇ ನಡೆಯಬೇಕು. ನಿಧಾನವಾಗಿ ಕಾದರೆ ಹಬೆ ಸೋರಿಹೋಗಿ, ಮೆದುವಾಗುವ ಹೊತ್ತಿಗೆ ಊದುವವರೇ ಇರುವುದಿಲ್ಲ. ಅದಕ್ಕೇ ಅಜ್ಜಿ ಮೊದಲು ಒಂದು ಚೂರನ್ನು ಹಾಕಿ ನೋಡುತ್ತಿದ್ದದ್ದು.

ಪಿಷ್ಟದೊಳಗೆ ನೀರಿದೆಯೇ ಎಂಬ ಪ್ರಶ್ನೆಯೇ ಒಬ್ಬರ ಬದುಕನ್ನು ಬದಲಿಸಿದ್ದುಂಟು. ಅಮೆರಿಕದ ಸಸ್ಯವಿಜ್ಞಾನಿ ಅಲೆಕ್ಸಾಂಡರ್ ಆಂಡರ್‌ಸನ್ 1901ರ ಕೊನೆಯಲ್ಲಿ ನ್ಯೂಯಾರ್ಕಿನ ಸಸ್ಯೋದ್ಯಾನದಲ್ಲಿ ಕೂತು ಮೆಕ್ಕೆಜೋಳದ ಪಿಷ್ಟವನ್ನು ಗಾಜಿನ ನಳಿಕೆಯಲ್ಲಿ ತುಂಬಿ, ಬಾಯಿ ಮುಚ್ಚಿ, ಚೆನ್ನಾಗಿ ಕಾಯಿಸಿ, ಸುತ್ತಿಗೆಯಿಂದ ಒಡೆದರು. ಢಂ ಎಂದು ಸಿಡಿದು ಪಿಷ್ಟ ಬೆಳ್ಳಗೆ, ಹಗುರವಾಗಿ ಉಬ್ಬಿ ಹೊರಬಂತು. ಅವರ ಗುರಿ ಇದ್ದದ್ದು ಪಿಷ್ಟದ ಹರಳಿನಲ್ಲಿ ನೀರು ಅಡಗಿದೆಯೇ ಎಂದು ನೋಡುವುದು, ಸಿಕ್ಕಿದ್ದು ತಿಂಡಿ. 1904ರ ಸೇಂಟ್ ಲೂಯಿಸ್ ವಿಶ್ವಮೇಳದಲ್ಲಿ ತೋಪುಗಳಿಗೆ ಅಕ್ಕಿ ತುಂಬಿ ಹಾರಿಸಿ ಜನರ ಮುಂದೆ ಮಂಡಕ್ಕಿ ಸುರಿಸಿದರು. ಆಮೇಲೆ ಕ್ವೇಕರ್ ಓಟ್ಸ್ ಕಂಪನಿ ಅದನ್ನೇ ಬೆಳಗಿನ ತಿಂಡಿಯಾಗಿ ಮಾರಿತು. ಕಾದ ಮರಳಿನಲ್ಲಿ ಮಂಡಕ್ಕಿ ಹುರಿಯುವ ದಾವಣಗೆರೆಯ ಭಟ್ಟಿಯವರಿಗೆ ಇದರಲ್ಲಿ ತೋಪೊಂದೇ ಹೊಸದು!

ಒಣಗಿಸುವ ವಿಷಯಕ್ಕೆ ಬರೋಣ. ಬಿಸಿಲಿನ ತಾಪಕ್ಕಿಂತ ಇಲ್ಲಿ ಮುಖ್ಯವಾದದ್ದು ಗಾಳಿ. ಬಯಲುಸೀಮೆಯ ಮಾರ್ಚಿ–ಏಪ್ರಿಲ್ ಗಾಳಿ ಬಾಯಾರಿದ ಗಾಳಿ. ಮೇಲ್ಮೈಯ ನೀರು ಬೇಗ ಹಾರುತ್ತದೆ, ಒಳಗಿನದು ಎಳೆಗಳ ಸಿಕ್ಕಿನ ನಡುವೆ ತಡಕಾಡುತ್ತಾ ಹೊರಬರಬೇಕು. ದಪ್ಪ ಸಂಡಿಗೆಯ ಹೊರಮೈ ಬೇಗ ಗಾಜಾಗಿಬಿಟ್ಟರೆ ಒಳಗಿನ ನೀರಿಗೆ ಬಾಗಿಲು ಮುಚ್ಚಿದಂತೆ. ಮೇಲೆ ಒಣಗಿದ ಹಾಗೆ ಕಂಡರೂ ಕರಿದಾಗ ನಡುವೆ ಗಟ್ಟಿ ಉಳಿಯುವುದು ಇದರಿಂದ. ಮೊದಲ ಸಂಜೆ ಬಟ್ಟೆಯ ಹಿಂಬದಿಗೆ ನೀರು ಚಿಮುಕಿಸಿ, ಸಂಡಿಗೆ ಎಬ್ಬಿಸಿ, ಮಗುಚಿ ಹಾಕುವುದು, ರಾತ್ರಿ ಮನೆಯೊಳಗಿಟ್ಟು ಮರುದಿನ ಮತ್ತೆ ಬಿಸಿಲಿಗೆ ತರುವುದು ಇವೆಲ್ಲ ಬರೀ ಸಂಪ್ರದಾಯವಲ್ಲ. ರಾತ್ರಿ ಒಳಗಿನ ನೀರು ಹೊರಮೈಗೆ ಹರಡಿ ಸಮವಾಗುತ್ತದೆ. ಅಜ್ಜಿ ಇದಕ್ಕೆ ಏನೂ ಕಾರಣ ಹೇಳುತ್ತಿರಲಿಲ್ಲ, ಮಾಡುತ್ತಿದ್ದರು ಅಷ್ಟೆ.

ಕಾರಣ ಹೇಳುತ್ತಿದ್ದದ್ದು ಇನ್ನೊಂದಕ್ಕೆ. ತಿಂಗಳಲ್ಲಿ ಮೂರು ದಿನ ನನಗೆ ತಾರಸಿ ಹತ್ತಲು ಬಿಡುತ್ತಿರಲಿಲ್ಲ. ಮುಟ್ಟಾದವರ ನೆರಳು ಬಿದ್ದರೆ ಸಂಡಿಗೆ ಕೆಂಪಾಗುತ್ತದಂತೆ. ಒಂದು ಬೇಸಿಗೆ, ನಾನು ಆ ಮೂರು ದಿನ ಮೆಟ್ಟಿಲ ಹತ್ತಿರವೂ ಸುಳಿದಿರಲಿಲ್ಲ, ಸಂಡಿಗೆ ಕೆಂಪಾಯಿತು. ಎರಡು ದಿನ ಮೋಡ, ಹನಿ ಮಳೆ. ಒಳಗೆ ತಂದಿಟ್ಟಿದ್ದ ಹಸಿ ಸಂಡಿಗೆಯ ಮೇಲೆ ಕುಂಕುಮದ ಬೊಟ್ಟಿನಂಥ ಚುಕ್ಕೆಗಳು. ಎಲ್ಲರೂ ನನ್ನತ್ತ ನೋಡಿದರು. ಆ ನೋಟ ಇನ್ನೂ ಮರೆತಿಲ್ಲ.

ಎಷ್ಟೋ ವರ್ಷದ ಮೇಲೆ ಸೂಕ್ಷ್ಮಜೀವಿಗಳ ಪಾಠದಲ್ಲಿ ಅದೇ ಕೆಂಪು ಚುಕ್ಕೆ ಎದುರಾಯಿತು. 1819ರ ಬೇಸಿಗೆ, ಇಟಲಿಯ ಪಡುವಾ ಊರಿನ ಹತ್ತಿರದ ಲೆನ್ಯಾರೊ ಎಂಬ ಹಳ್ಳಿ. ಒಬ್ಬ ರೈತನ ಮನೆಯಲ್ಲಿ ಪೊಲೆಂಟಾ, ಅಂದರೆ ಮೆಕ್ಕೆಜೋಳದ ಹಿಟ್ಟನ್ನು ತೊಳಸಿ ಮಾಡಿದ ಗಂಜಿ, ರಾತ್ರಿ ಕಳೆಯುವುದರಲ್ಲಿ ರಕ್ತದ ಬಣ್ಣಕ್ಕೆ ತಿರುಗಿತು. ನಮ್ಮ ಸಂಡಿಗೆ ಹಿಟ್ಟಿನ ಸ್ವಂತ ದಾಯಾದಿ ಅದು. ಊರವರು ದೆವ್ವದ ಕಾಟವೆಂದರು. ಬಾರ್ತೊಲೊಮಿಯೊ ಬಿಝಿಯೊ ಎಂಬ ಯುವ ಔಷಧಶಾಸ್ತ್ರಿ ಮಾತ್ರ ಹೊಸ ಪೊಲೆಂಟಾ ಮಾಡಿ, ತೇವದ ಜಾಗದಲ್ಲಿ ಮುಚ್ಚಿಟ್ಟು, ತಾನೂ ಕೆಂಪು ಮಾಡಿ ತೋರಿಸಿದ. ಇದು ಬೆಳೆಯುವ ಜೀವಿ, ಶಾಪವಲ್ಲ ಎಂದ. ಸೂಕ್ಷ್ಮಜೀವಿ ವಿಜ್ಞಾನದ ಪಿತಾಮಹ ಎನಿಸಿದ ಲೂಯಿ ಪಾಸ್ಟರ್ ಹುಟ್ಟುವುದಕ್ಕೆ ಇನ್ನೂ ಮೂರು ವರ್ಷವಿತ್ತು. ಆ ಜೀವಿಗೆ ಅವನಿಟ್ಟ ಹೆಸರು ಸೆರ್ರೇಶಿಯಾ ಮಾರ್ಸೆಸೆನ್ಸ್. ಸೆರ್ರಾತಿ ಎಂಬ ಇಟಲಿಯ ಭೌತವಿಜ್ಞಾನಿಯ ನೆನಪಿಗೆ ಇಟ್ಟದ್ದು. ಹಬೆಯಿಂದ ದೋಣಿ ನಡೆಸಿದ ಕೀರ್ತಿ ಅವನಿಗೆ ಸಲ್ಲಬೇಕು ಎಂದು ಬಿಝಿಯೊನ ವಾದ. ನೋಡಿ, ಇಲ್ಲೂ ಹಬೆ ಬಂತು.

ಅದಕ್ಕೂ ಹಿಂದೆ, ಕ್ರಿಸ್ತಪೂರ್ವ 332ರಲ್ಲಿ ಅಲೆಕ್ಸಾಂಡರ್ ಟೈರ್ ನಗರಕ್ಕೆ ಮುತ್ತಿಗೆ ಹಾಕಿದ್ದಾಗ ಸೈನಿಕರು ಮುರಿದ ರೊಟ್ಟಿಯಲ್ಲಿ ರಕ್ತ ಕಂಡಿತಂತೆ. ಜೋಯಿಸ ಅಂದದ್ದು: ರಕ್ತ ರೊಟ್ಟಿಯ ಒಳಗಿದೆ, ಆದ್ದರಿಂದ ಕೇಡು ಕೋಟೆಯ ಒಳಗಿರುವವರಿಗೆ. ಹೊರಮೈಯಲ್ಲಿದ್ದಿದ್ದರೆ ಅವನಿಗೆ ಕಷ್ಟವಿತ್ತು.

ಈ ಬ್ಯಾಕ್ಟೀರಿಯಾಕ್ಕೆ ಬೇಕಾದ್ದು ತೇವ, ಬೆಂದ ಪಿಷ್ಟ, 25–30 ಡಿಗ್ರಿಯ ಹಿತವಾದ ಬೆಚ್ಚಗೆ. ಮೋಡದ ದಿನ ನಮ್ಮ ನಡುಮನೆಯಲ್ಲಿ ಮೂರೂ ಇದ್ದವು. ಕೆಂಪಿಗೆ ಬೇರೆ ದಾರಿಗಳೂ ಇವೆ. ಹಿಟ್ಟು ತಂಗಳಾಗಿ ಪಿಷ್ಟ ಒಡೆದು ಸಕ್ಕರೆಯಾದರೆ ಕರಿಯುವಾಗ ಬೇಗ ಕೆಂಪಡರುತ್ತದೆ; ನಿಂಬೆರಸದ ಹುಳಿ ಅದನ್ನು ತಡೆಯುತ್ತದೆ, ಸಂಡಿಗೆ ಬೆಳ್ಳಗಿರಲಿ ಎಂದು ಹಿಂಡುವುದು ಸುಮ್ಮನೆ ಅಲ್ಲ. ಹಪ್ಪಳಕ್ಕೆ ಹಾಕುವ ಕ್ಷಾರಕ್ಕೆ ಕೈಯ ಅರಿಸಿನ ತಾಗಿದರೂ ಸಾಕು, ಓಕುಳಿಯ ಕೆಂಪು. ಇವ್ಯಾವುದಕ್ಕೂ ಹೆಣ್ಣುಮಕ್ಕಳ ಕ್ಯಾಲೆಂಡರ್ ಗೊತ್ತಿಲ್ಲ. ಹೊಟ್ಟೆನೋವಿನ ದಿನಗಳಲ್ಲಿ ಬಿಸಿಲಿಗೆ ಕೂರಿಸದೆ ಬಿಟ್ಟದ್ದು ಒಳ್ಳೆಯದೇ ಆಯಿತು ಎಂದು ಸಮಜಾಯಿಷಿ ಕೊಡುವವರು ಸಿಗುತ್ತಾರೆ. ವಿಶ್ರಾಂತಿ ಕೊಡುವುದಾದರೆ ವಿಶ್ರಾಂತಿ ಎಂದೇ ಕೊಡಿ, ಅಪರಾಧಿ ಮಾಡಿ ಕೊಡಬೇಡಿ.

ಇನ್ನು ಆಷಾಢದ ಸಂಡಿಗೆ. ಹೊರಗೆ ಜಡಿಮಳೆ, ಕರಿದು ತಟ್ಟೆಗಿಟ್ಟು ಫೋನ್ ಬಂತೆಂದು ಎದ್ದು ಹೋಗಿ ಬಂದರೆ ಮೆತ್ತಗೆ. ಗಾಳಿಯ ತೇವ ತೆಳು ಗೋಡೆಗಳೊಳಗೆ ಹೊಕ್ಕು ಕಂಡಕ್ಟರ್‌ಗಳೆಲ್ಲ ಮತ್ತೆ ಬಸ್ಸು ಹತ್ತಿದ್ದಾರೆ. ಗಾಜು ಕೋಣೆಯ ಬಿಸಿಯಲ್ಲೇ ರಬ್ಬರ್. ಹುರಿದ ಮಂಡಕ್ಕಿಗೂ ಇದೇ ಗತಿ. ಮತ್ತೆ ಕ್ಷಣ ಕಾಲ ಬಿಸಿ ಮಾಡಿದರೆ ಗರಿಗರಿ ಮರಳುತ್ತದೆ, ಆದರೆ ಇನ್ನೊಮ್ಮೆ ಅರಳುವುದಿಲ್ಲ. ಊದಲು ಅಷ್ಟು ನೀರು ಅಲ್ಲಿಲ್ಲ, ಗೋಡೆಗಳು ಹಬೆಯನ್ನು ಹಿಡಿಯುವಷ್ಟು ದಪ್ಪವೂ ಇಲ್ಲ.

ಹಾಗಾದರೆ ಮಧ್ಯಾಹ್ನ ಮೂರರ ಸಂಡಿಗೆ? ಅಂಚು ಶೇ 12ಕ್ಕೆ ಇಳಿದು ಗಾಜು, ನಡು ಇನ್ನೂ ಶೇ 20ರ ಮೇಲೆ, ರಬ್ಬರ್. ಒಂದೇ ತುತ್ತಿನಲ್ಲಿ ಎರಡೂ ಸ್ಥಿತಿ ಹಲ್ಲಿಗೆ ಸಿಗುವ ಹೊತ್ತು ದಿನಕ್ಕೆ ಒಂದು ಗಂಟೆ ಮಾತ್ರ. ನಾಲ್ಕೂವರೆಗೆ ಹತ್ತಿ ಹೋದರೆ ತಡವಾಗಿರುತ್ತದೆ.

ಈ ವರ್ಷ ಇಟ್ಟದ್ದು 210. ಡಬ್ಬಿಗೆ ಸೇರಿದ್ದು 174. ನಮ್ಮ ತಾರಸಿಗೆ ಈಗ ಬಲೆ ಹಾಕಿಸಿದ್ದೇವೆ, ಕಾಗೆ ಬರುವುದಿಲ್ಲ.